ಕೂರಲು ಜಾಗವಿಲ್ಲದ ದೇವರಮನೆ

ನನಗೆ ಅರವತ್ತು ತುಂಬುವ ವರ್ಷ ಮನೆಯವರೆಲ್ಲ ಉಡುಗೊರೆಯ ಹುಚ್ಚಿಗೆ ಬಿದ್ದರು. ರಾಜರಾಜೇಶ್ವರಿನಗರಕ್ಕೆ ಕೊಟ್ಟಿರುವ ಮಗಳು ದಿನಾ ಫೋನು ಮಾಡಿ ಅದೇ ಕೇಳುತ್ತಿದ್ದಳು.

"ಅಮ್ಮಾ, ರೇಷ್ಮೆ ಸೀರೆ ತರ್ಲಾ?"

"ಬೀರು ಬಾಗಿಲೇ ಮುಚ್ತಿಲ್ಲ ಕಣೇ."

"ಬಳೆ?"

"ಇರೋವೇ ಲಾಕರಲ್ಲಿ ನಿದ್ದೆ ಮಾಡ್ತಿವೆ."

"ಮತ್ತೆ ಏನ್ ಬೇಕು ನಿಂಗೆ, ಬಾಯ್ಬಿಟ್ಟು ಹೇಳು."

"ಬೆಳಗ್ಗೆ ಪೂಜೆ ಹೊತ್ತಲ್ಲಿ ಅರ್ಧ ಗಂಟೆ ಯಾರೂ ನನ್ನ ಕರೀಬೇಡಿ. ಅಷ್ಟು ಸಾಕು."

ಅವಳು ನಕ್ಕಳು. "ಅದನ್ನ ಹೆಂಗಮ್ಮಾ ಪ್ಯಾಕ್ ಮಾಡ್ಸೋದು?" ಎಂದವಳು ಅಪ್ಪನಿಗೆ ಫೋನು ಕೊಡು ಎಂದಳು. ನಮ್ಮ ಯಜಮಾನರು ಸ್ಪೀಕರ್ ಹಾಕದೆ ಮಾತಾಡುವವರಲ್ಲ. ಅಡುಗೆಮನೆಯಲ್ಲಿದ್ದ ನನಗೆ ಎಲ್ಲ ಕೇಳಿಸಿತು.

"ಅಪ್ಪಾ, ಅಮ್ಮಂಗೆ ಏನು ಬೇಕು ಅಂತ ಅಮ್ಮಂಗೇ ಗೊತ್ತಿಲ್ಲ. ನಾವೇ ಏನಾದ್ರೂ ಯೋಚನೆ ಮಾಡಣ."

"ಅವಳು ಯಾವಾಗ್ಲೂ ಹಂಗೇನೇ" ಎಂದರು ಇವರು.

ಈಗತಾನೇ ಹೇಳಿದ್ದೆನಲ್ಲ ಎಂದು ಬಾಯಿಗೆ ಬಂತು. ಒಗ್ಗರಣೆ ಸೀದುಹೋಗುತ್ತಿತ್ತು, ಮೊದಲು ಅದನ್ನು ಇಳಿಸಿದೆ.

ಆ ಅರ್ಧ ಗಂಟೆಯ ವಿಷಯ ಹೇಳಬೇಕು. ವಿಜಯನಗರದ ನಮ್ಮ ಮನೆ ದೊಡ್ಡದಲ್ಲ. ಅಡುಗೆಮನೆಗೂ ಹಾಲಿಗೂ ನಡುವಿನ ಮೂಲೆಯೇ ದೇವರಮನೆ. ನೆಲಕ್ಕೆ ಹತ್ತಿದಂತೆ ಒಂದು ಮರದ ಮಂಟಪ, ಅದರ ಮುಂದೆ ನನ್ನ ಮಣೆ. ಮಂಡಿ ನೋವಿನಿಂದಾಗಿ ನಾನು ಒಮ್ಮೆ ಕೂತರೆ ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು ಏಳಬೇಕು. ಅದನ್ನು ನೋಡಿ ನೋಡಿ ಮನೆಯವರು, ನಾನು ಕೂತ ಮೇಲೆ ಕರೆಯುವುದನ್ನು ತಕ್ಕಮಟ್ಟಿಗೆ ಬಿಟ್ಟಿದ್ದರು. ಪೂರ್ತಿಯಾಗಿ ಅಲ್ಲ, ತಕ್ಕಮಟ್ಟಿಗೆ. ಮಂಡಿ ನೋವು ಕೊಟ್ಟ ದೇವರನ್ನು ನಾನು ಬೈದುಕೊಂಡಿಲ್ಲ. ಕಾವೇರಿ ನೀರು ಹೇಳಿದ ಹೊತ್ತಿಗೆ ಬಂದರೆ, ಹಾಲು ಒಡೆಯದಿದ್ದರೆ ಅವನಿಗೊಂದು ನಮಸ್ಕಾರ ಹಾಕುವವಳು ನಾನು. ನೋವಿನ ಜೊತೆಗೆ ಕೂರುವ ಪುರಸೊತ್ತನ್ನೂ ಕೊಟ್ಟನಲ್ಲ, ಅದಕ್ಕೂ ನಮಸ್ಕಾರ ಹಾಕಿದ್ದೆ.

ಹುಟ್ಟುಹಬ್ಬಕ್ಕೆ ಮುಂಚೆ ದೀಪಾಂಜಲಿ ನಗರದ ತಂಗಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಕೈಯಾಸರೆಗೆ ಎರಡು ದಿನ ಮೊದಲೇ ಹೋಗಿದ್ದೆ. ಪೂಜೆ ಮುಗಿಸಿ, ಸಪಾದ ಪ್ರಸಾದದ ಡಬ್ಬಿ ಹಿಡಿದು ಮೆಟ್ರೋದಲ್ಲಿ ವಾಪಸು ಬಂದರೆ ಬಾಗಿಲಲ್ಲೇ ಮಗಳು ನನ್ನ ಕಣ್ಣು ಮುಚ್ಚಿದಳು. ಒಳಗೆ ಕರೆದುಕೊಂಡು ಹೋಗಿ ಕೈ ತೆಗೆದಳು.

ನನ್ನ ಮಂಟಪ ಇರಲಿಲ್ಲ. ಅದೇ ಮೂಲೆಯಲ್ಲಿ ಎದೆಮಟ್ಟಕ್ಕೆ ಬಿಳಿ ಪೆಟ್ಟಿಗೆಯೊಂದು ಗೋಡೆಗೆ ಕೂತಿತ್ತು. ಬೆನ್ನಿಗೆ ಓಂಕಾರ ಕೊರೆದು ಅದರ ಸಂದಿಯಿಂದ ಹಳದಿ ಬೆಳಕು ಬಿಟ್ಟಿದ್ದರು. ಕೆಳಗೆ ನೆಲದವರೆಗೂ ಡ್ರಾಯರುಗಳು.

"ಇನ್ಮೇಲೆ ನೀನು ಬಗ್ಗೋ ಹಾಗೇ ಇಲ್ಲ. ನಿಂತ್ಕೊಂಡೇ ಪೂಜೆ ಮಾಡು, ಆರಾಮಾಗಿ" ಎಂದರು ಯಜಮಾನರು. ನಮ್ಮ ಜೊತೆಯಲ್ಲೇ ಇರುವ ಮಗ ವಿಡಿಯೋ ಮಾಡುತ್ತಿದ್ದ. ನನ್ನ ಮುಖದಲ್ಲಿ ಸಂತೋಷ ಬರುವುದನ್ನು ಹಿಡಿಯಲು ಕಾಯುತ್ತಿದ್ದ.

"ದೇವರೆಲ್ಲಿ?" ಎಂದು ಕೇಳಿದೆ.

"ಭದ್ರವಾಗಿದಾವೆ. ಪುರೋಹಿತರನ್ನ ಕೇಳೇ ಎತ್ತಿದ್ದು. ಅಕ್ಕಿಯೊಳಗೆ ಇಡಿ ಅಂದ್ರು, ಇಟ್ಟಿದೀವಿ. ರಾಹುಕಾಲನೂ ಕಳೆದಿತ್ತು" ಎಂದಳು ಮಗಳು.

ಅಕ್ಕಿ ಡಬ್ಬ ತೆರೆದು ನೋಡಿದೆ. ದೋಸೆ ಅಕ್ಕಿಯೊಳಗೆ ಕುತ್ತಿಗೆಯವರೆಗೆ ಹೂತು ಕೂತಿದ್ದರು ನನ್ನ ಲಕ್ಷ್ಮಿ, ಗಣಪತಿ. ಹಳೆಯ ಮಂಟಪವನ್ನು ಬೀದಿ ಕೊನೆಯ ಗುಡಿಗೆ ಕೊಟ್ಟುಬಿಟ್ಟಿದ್ದರು. ವಾಪಸು ಕೇಳುವ ಹಾಗೂ ಇಲ್ಲ.

ಸಾಮಾನು ಕಟ್ಟಿಕೊಳ್ಳುತ್ತಿದ್ದ ಬಡಗಿ ಉತ್ತರ ಕರ್ನಾಟಕದ ಕಡೆಯವನು. ಹೋಗುವ ಮುಂಚೆ ಹತ್ತಿರ ಬಂದು ಹೇಳಿದ:

"ಅಕ್ಕಾರ, ಇದರಾಗ ಎಣ್ಣಿ ದೀಪ ಹಚ್ಚಬ್ಯಾಡ್ರಿ. ಮ್ಯಾಲೆ ಅಂಟಿಸಿದ ಲ್ಯಾಮಿನೇಟ್ ಹಾಳಿ ಸುಟ್ಟು ಎದ್ದು ಬರ್ತೈತಿ."

"ಮತ್ತೆ ದೀಪ ಎಲ್ಲಿ ಹಚ್ಚೋದಪ್ಪಾ?"

"ಸ್ವಿಚ್ ಕೊಟ್ಟೀನಲ್ರಿ."

ಅವನ ತಪ್ಪೇನಿಲ್ಲ. ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿದ್ದ. ಆದರೆ ಇವರನ್ನು ನೋಡಿ. ಪುರೋಹಿತರನ್ನು ಕೇಳಿದರು, ಪಂಚಾಂಗವನ್ನು ಕೇಳಿದರು, ಮಗಳ ಗಂಡನ ಸ್ನೇಹಿತ ಯಾರೋ ವಾಸ್ತು ಬಲ್ಲವನಂತೆ, ಅವನನ್ನೂ ಕೇಳಿದರು. ದಿನಾ ಆ ದೇವರ ಮುಂದೆ ಕೂರುವವಳನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಸರ್‌ಪ್ರೈಸ್ ಕೆಡುತ್ತದಂತೆ.

ಹುಟ್ಟುಹಬ್ಬದ ಊಟಕ್ಕೆ ಬಂದವರೆಲ್ಲ ಸ್ವಿಚ್ ಹಾಕಿ ಆರಿಸಿ ನೋಡಿದರು. "ಪುಣ್ಯ ಮಾಡಿದೀರಾ ಆಂಟಿ, ಎಂಥಾ ಮಕ್ಕಳು" ಎಂದಳು ಪಕ್ಕದ ಮನೆಯಾಕೆ. ಪಾಯಸ ಬಡಿಸಿದೆ.

ಮಾರನೆಯ ಬೆಳಗಿನಿಂದ ಶುರುವಾಯಿತು. ನಿಂತು ಪೂಜೆ ಮಾಡುವ ಹೆಂಗಸು ಮನೆಯವರ ಕಣ್ಣಿಗೆ ಸುಮ್ಮನೆ ನಿಂತಿರುವ ಹೆಂಗಸಾಗಿ ಕಾಣುತ್ತಾಳೆ ಎಂದು ನನಗೂ ಗೊತ್ತಿರಲಿಲ್ಲ. ಧ್ಯಾನಶ್ಲೋಕ ಮುಗಿಯುವಷ್ಟರಲ್ಲಿ ಯಜಮಾನರು, "ಹೆಂಗಿದ್ರೂ ನಿಂತಿದೀಯಲ್ಲ, ಆ ಹಾಲಿನ ಉರಿ ಸಣ್ಣ ಮಾಡು" ಎಂದರು. ಮಾಡಿ ಬಂದೆ. ಲಲಿತಾ ಸಹಸ್ರನಾಮ ಹಿಡಿದೆ. ಮಗ ಸ್ನಾನದಮನೆಯಿಂದ ಟವಲ್ ಕೇಳಿದ. ಕೊಟ್ಟು ಬಂದೆ. ಬಾಗಿಲಿಗೆ ಡೆಲಿವರಿಯವನು ಬಂದ. "ಅಮ್ಮಾ, ನೀನೇ ಹತ್ರ ಇದೀಯಾ, ಒಂಚೂರು ತಗೋ." ತೆಗೆದುಕೊಂಡೆ. ಯಾವ ನಾಮದಲ್ಲಿ ಬಿಟ್ಟಿದ್ದೆನೋ ಮರೆತು ಮತ್ತೆ ಮೊದಲಿನಿಂದ ಹಿಡಿದೆ. ವಾರವಿಡೀ ಇದೇ ಆಯಿತು. ದೇವರ ಮುಂದೆ ಬಲ್ಬು ಉರಿಯುತ್ತಿತ್ತು, ಒಳಗೆ ನಾನು ಉರಿಯುತ್ತಿದ್ದೆ. ಮಂಡಿ ನೋವು ಕಡಿಮೆಯಾಗಲಿ ಎಂದು ಹರಸಿಕೊಂಡವಳು ನಾನೇ. ಅದು ಹೀಗೆ ಕಡಿಮೆಯಾಗುವುದಾದರೆ ಬೇಡವಾಗಿತ್ತು.

ಗುರುವಾರ ಮಗಳು ಬಂದಳು. ಕಾಫಿ ಕುಡಿಯುತ್ತಾ, "ಅಮ್ಮಾ, ಖುಷಿನಾ?" ಎಂದಳು.

"ಇಲ್ಲ" ಎಂದೆ.

ಲೋಟ ಕೆಳಗಿಟ್ಟಳು. "ಏನಮ್ಮಾ ಹಿಂಗಂತೀಯಾ. ನಿನ್ನ ಮಂಡಿಗೋಸ್ಕರ ಎಷ್ಟು ಓಡಾಡಿದೀವಿ ಗೊತ್ತಾ?"

"ನನ್ನ ಮಂಡಿ ನಿನ್ನ ಹತ್ರ ಏನೂ ಕೇಳಿರ್ಲಿಲ್ಲ."

"ನೀನೂ ಏನೂ ಕೇಳ್ಲಿಲ್ಲ. ಏನೂ ಬೇಡ ಅಂದೆ, ಅದಕ್ಕೇ ನಾವೇ..."

"ನಾನು ಏನೂ ಬೇಡ ಅಂದಿಲ್ಲ. ಸೀರೆ ಬೇಡ ಅಂದೆ, ಬಳೆ ಬೇಡ ಅಂದೆ. ಅರ್ಧ ಗಂಟೆ ಬೇಕು ಅಂದೆ. ನೀನು ನಕ್ಕೆ. ಆಮೇಲೆ ನಂಗೇನು ಬೇಕು ಅಂತ ನಂಗೇ ಗೊತ್ತಿಲ್ಲ ಅಂತ ನಿಮ್ಮಪ್ಪನ ಹತ್ರ ಹೇಳ್ದೆ. ನಂಗೆ ಗೊತ್ತಿತ್ತು. ನಿಮಗೆ ಕೊಡಕ್ಕೆ ಇಷ್ಟ ಇರ್ಲಿಲ್ಲ, ಅಷ್ಟೇ."

ಅವಳ ಕಣ್ಣು ತುಂಬಿತು. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೆ.

ಶುಕ್ರವಾರ ಬೆಳಗ್ಗೆ ಪೆಟ್ಟಿಗೆಯಿಂದ ದೇವರನ್ನು ಇಳಿಸಿದೆ. ಡ್ರಾಯರಿಗೆ ಎದುರಾದ ಗೋಡೆಯ ಬುಡದಲ್ಲಿ ನೆಲ ಸಾರಿಸಿ ರಂಗೋಲಿ ಹಾಕಿದೆ. ಒಂದು ಮಣೆಯ ಮೇಲೆ ಅವರನ್ನು ಕೂರಿಸಿ, ಇನ್ನೊಂದರ ಮೇಲೆ ನಾನು ಗೋಡೆ ಹಿಡಿದು ಕೂತೆ. ಎರಡು ದೀಪಕ್ಕೂ ಎಳ್ಳೆಣ್ಣೆ ತುಂಬಾ ಹಾಕಿದೆ.

ಯಜಮಾನರು ಪೇಪರ್ ಹಿಡಿದು ಬಂದು ನಿಂತರು. "ಅಷ್ಟು ಚೆನ್ನಾಗಿರೋದನ್ನ ಖಾಲಿ ಬಿಟ್ಟು ನೆಲದಲ್ಲಿ?"

"ಅದರಲ್ಲಿ ನಿಮಗೇನು ಬೇಕೋ ಇಟ್ಕೊಳ್ಳಿ" ಎಂದೆ. "ಅರ್ಧ ಗಂಟೆ ಈ ಕಡೆ ಬರಬೇಡಿ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಗಂಟೆ ಬಾರಿಸಲು ಶುರುಮಾಡಿದೆ. ಅವರು ಹೋದರು.

ಸಹಸ್ರನಾಮ ಅರ್ಧಕ್ಕೆ ಬಂದಿತ್ತು. ಕೋಣೆಯಿಂದ ಮಗ ಕೂಗಿದ. "ಅಮ್ಮಾ, ಗಾಡಿ ಕೀ ಎಲ್ಲಿಟ್ಟಿದೀಯಾ?"

ನಾನು ಮುಂದಿನ ನಾಮ ಹೇಳಿದೆ. ಅವನು ಇನ್ನೊಮ್ಮೆ ಕೂಗಿದ. ನಾನು ಅದರ ಮುಂದಿನ ನಾಮಕ್ಕೆ ಹೋದೆ. ಆಮೇಲೆ ಹಾಲಿನಿಂದ ಯಜಮಾನರ ದನಿ ಕೇಳಿತು.

"ನಿಮ್ಮಮ್ಮ ಕೂತಿದಾಳೆ ಕಣೋ. ನೀನೇ ಹುಡುಕ್ಕೋ."