ಬಾಗಿಲಕ್ಕನಿಗೆ ಸಿಗದ ಬಾಗಿಲು

ಬೆಳಕು ಇನ್ನೂ ಕಿಟಕಿಯ ಸರಳು ದಾಟಿ ಒಳಗೆ ಬಂದಿಲ್ಲ. ಅಡುಗೆಮನೆಯ ಗೋಡೆಗೆ ಒತ್ತಿ ಹಾಕಿದ ಮೇಜಿನ ಮುಂದೆ, ಮುಡಿಗೆ ಪೆನ್ನು ಸಿಕ್ಕಿಸಿಕೊಂಡು, ಬಾಗಿಲಕ್ಕ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದಾರೆ. ಸೋಪಿನ ಜಾಹೀರಾತೊಂದರ ಫೈಲು ಒಂದು ರೂಪ ಬಿಟ್ಟು ಇನ್ನೊಂದು ರೂಪಕ್ಕೆ ಬದಲಾಗುತ್ತಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಇರುವೆ ನಡೆದಷ್ಟೇ ಅವಸರದಲ್ಲಿ ಮುಂದಕ್ಕೆ ಹೋಗುತ್ತಿದೆ. ಪಕ್ಕದ ಲೋಟದಲ್ಲಿ ಕಾಫಿ ಆರಿ ಕೆನೆ ಕಟ್ಟಿದೆ. ಗೋಡೆಯಾಚೆ ಅತ್ತೆಯ ಹೊಲಿಗೆ ಮಿಷನ್ನು ಆಗಲೇ ಶುರುವಾಗಿದೆ. ಯಾರದೋ ಮನೆಯ ಕಿಟಕಿ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಾರೆ.

ಜಾಹೀರಾತಿನ ಬಗ್ಗೆ ಬಾಗಿಲಕ್ಕನಿಗೆ ಚಿಂತೆಯಿಲ್ಲ. ಚಿಂತೆ ಇರುವುದು ಬೇರೆಯದರ ಬಗ್ಗೆ. ಇವತ್ತು ಬೆಳಿಗ್ಗೆ ಸ್ಟುಡಿಯೋದಲ್ಲಿ ವಾದ್ಯದವರು ಸೇರುತ್ತಾರೆ. ಒಂದು ಸಿನಿಮಾದ ಕೊನೆಯ ರೀಲಿಗೆ ಸಂಗೀತ ನುಡಿಸಿ ಮುಗಿಸಬೇಕು. ಅಷ್ಟೂ ಜನ ಒಟ್ಟಿಗೆ ಸಿಗುವುದು ಇದೊಂದೇ ದಿನ. ಆ ರೀಲನ್ನು ಸಂಗೀತದ ಮೇಷ್ಟ್ರಿಗೆ ಸಿದ್ಧಮಾಡಿ ಕೊಟ್ಟವರು ಇವರೇ. ಕೊಟ್ಟಾಗಿನಿಂದ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಒಂದು ಅನುಮಾನ. ಏನೆಂದು ಮಾತ್ರ ತಿಳಿಯದು.

ಮೇಷ್ಟ್ರು ಸಂಗೀತ ಕಟ್ಟುವುದು ಕಂಪ್ಯೂಟರಿನಲ್ಲೇ. ಒಂದು ಪರದೆಯಲ್ಲಿ ಸಿನಿಮಾ ಓಡುತ್ತಿರುತ್ತದೆ, ಇನ್ನೊಂದರಲ್ಲಿ ಸ್ವರಗಳ ಸಾಲು. ಆದರೆ ಎಡಿಟರ್ ಕಡೆಯಿಂದ ಬರುವ ಫೈಲು ಹಾಗೇ ಅಲ್ಲಿ ಓಡುವುದಿಲ್ಲ. ಗಾತ್ರ ಕಡಿಮೆಯಾಗಲೆಂದು ಅದರಲ್ಲಿ ಒಂದು ಚಿತ್ರವನ್ನು ಪೂರ್ತಿ ಇಟ್ಟು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಬರೆದಿರುತ್ತಾರೆ. ಏಳೆಂಟಲ ಎಷ್ಟು ಎಂದರೆ ಏಳೊಂದಲ ಏಳರಿಂದ ಶುರುಮಾಡುವ ಮಗುವಿನಂತೆ, ಮೇಷ್ಟ್ರು ನಡುವೆ ಎಲ್ಲಿಗಾದರೂ ಹಾರಿದರೆ ಕಂಪ್ಯೂಟರು ಹಿಂದಕ್ಕೆ ಹೋಗಿ ಲೆಕ್ಕ ಹಾಕುತ್ತಾ ತಡವರಿಸುತ್ತದೆ. ಅಷ್ಟರಲ್ಲಿ ಮೇಷ್ಟ್ರ ತಲೆಯೊಳಗಿನ ರಾಗ ಊರು ಬಿಟ್ಟಿರುತ್ತದೆ. ಬಾಗಿಲಕ್ಕ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬಿಡಿಸಿಟ್ಟು, ಆದರೂ ಹಗುರವಾಗುವಂತೆ ಕುಗ್ಗಿಸಿ, ಮೂಲೆಯಲ್ಲಿ ಓಡುವ ಸಮಯವನ್ನು ಅಚ್ಚೊತ್ತಿ, ಮಾತನ್ನು ಒಂದು ಕಿವಿಗೆ ಬೇರ್ಪಡಿಸಿ ಕೊಡುತ್ತಾರೆ. ದಿನಕ್ಕೆ ಆರೇಳು ಫೈಲು. ಬಂದ ಪ್ರತಿಯೊಬ್ಬರದೂ ಒಂದೇ ಮಾತು: ಗುಂಡಿ ಒತ್ತಿದರೆ ಆಯಿತಲ್ಲ?

“ಗುಂಡಿ ಒತ್ತೋದು ಎಲ್ರಿಗೂ ಬರುತ್ತೆ. ಒತ್ತಿದ ಮೇಲೆ ನಿದ್ದೆ ಬರೋದು ಕಷ್ಟ” ಎನ್ನುತ್ತಾರೆ ಇವರು.

ನಿದ್ದೆಗೆಡಿಸುವುದು ವೇಗ. ಕೆಲವು ಸಿನಿಮಾ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದಂತೆ ಓಡುತ್ತವೆ; ಕೆಲವು ಅದಕ್ಕಿಂತ ಕೂದಲೆಳೆಯಷ್ಟು ನಿಧಾನ. ಒಂದನ್ನು ಇನ್ನೊಂದೆಂದು ತಿಳಿದು ಬದಲಾಯಿಸಿದರೆ ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹೋಗುತ್ತಾ ಹೋಗುತ್ತಾ ಚಿತ್ರ ಒಂದು ದಾರಿ, ಶಬ್ದ ಒಂದು ದಾರಿ. ಹನ್ನೊಂದು ನಿಮಿಷದ ರೀಲಿನ ಕೊನೆಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಜಾರಿರುತ್ತದೆ. ಅಷ್ಟೇ. ಆದರೆ ಅಳುವಿನ ಸಂಗೀತ ಸುದ್ದಿ ತಿಳಿಯುವ ಮೊದಲೇ ಶುರುವಾಗಲು ಅಷ್ಟು ಸಾಕು.

ಈ ಕೆಲಸಕ್ಕೆ ಬರುವ ಮೊದಲು ಆಕೆ ಒಂದು ಫೋಟೋ ಅಂಗಡಿಯ ಹಿಂಕೋಣೆಯಲ್ಲಿ ಜನರ ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸುತ್ತಿದ್ದರು. ಸತ್ತ ಅಜ್ಜಂದಿರೂ ನಡೆಯಲು ಕಲಿಯುತ್ತಿರುವ ಮಕ್ಕಳೂ ದಿನವಿಡೀ ಅವರ ಕಣ್ಣ ಮುಂದೆ ಓಡಾಡುತ್ತಿದ್ದರು. ಸ್ಟುಡಿಯೋಗೆ ಬಂದ ಹೊಸತರಲ್ಲಿ ಒಂದು ರೀಲಿನ ಶುರುವನ್ನು ಮಾತ್ರ ನೋಡಿ ಕಳಿಸಿದ್ದರಂತೆ. ಅದರ ಕೊನೆಯಲ್ಲಿ ಅಪ್ಪ ಸಿಟ್ಟಿನಿಂದ ಬಾಗಿಲು ಬಡಿದು ಹೋಗುವ ದೃಶ್ಯ. ಬಾಗಿಲು ಬಡಿಯಿತು, ಅಪ್ಪ ಹೋದರು, ಆಮೇಲೆ ಡೋಲು ಬಡಿಯಿತು. ಕೋಣೆ ತುಂಬ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಅವತ್ತು ಅವರಿಗೆ ಅರ್ಥವಾಯಿತು.

ಅಂದಿನಿಂದ ಅವರದೊಂದು ಪದ್ಧತಿ. ಪ್ರತಿ ರೀಲಿನ ಕೊನೆಯಲ್ಲಿ ಒಂದು ಬಾಗಿಲು ಹುಡುಕುತ್ತಾರೆ. ಮುಚ್ಚುವ ಬಾಗಿಲು, ಇಲ್ಲವೇ ಮೇಜಿನ ಮೇಲೆ ಇಡುವ ಲೋಟ, ಕೆನ್ನೆಗೆ ಬೀಳುವ ಏಟು. ಕಣ್ಣಿಗೆ ಕಂಡ ಕ್ಷಣಕ್ಕೇ ಕಿವಿಗೂ ಕೇಳಿದರೆ ಫೈಲು ಸರಿ. ಅದಕ್ಕೇ ಸ್ಟುಡಿಯೋದವರು ಇಟ್ಟ ಬಾಗಿಲಕ್ಕ ಎಂಬ ಹೆಸರೇ ಈಗ ಮನೆಯವರೆಗೂ ಬಂದಿದೆ. ಮನೆಯಲ್ಲಿ ಯಾರು ಬಾಗಿಲು ಹಾಕಿದರೂ ಈಕೆ ಕತ್ತು ತಿರುಗಿಸಿ ನೋಡುವುದನ್ನು ಕಂಡು ಅತ್ತೆ ಬಂದ ನೆಂಟರಿಗೆಲ್ಲ ಹೇಳುತ್ತಾರಂತೆ, ನಮ್ಮ ಮನೆಗೆ ಕಳ್ಳರ ಭಯ ಇಲ್ಲ ಎಂದು.

ಈ ಕೊನೆಯ ರೀಲಿನಲ್ಲಿ ಬಾಗಿಲೇ ಇಲ್ಲ. ಮಾತೂ ಇಲ್ಲ. ವಯಸ್ಸಾದ ಹೆಂಗಸೊಬ್ಬಳು ಖಾಲಿ ಮನೆಯಲ್ಲಿ ಓಡಾಡುತ್ತಾಳೆ, ಕೊನೆಗೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಮಗನ ಅಂಗಿಯೊಂದನ್ನು ಹೊಲಿಯುತ್ತಾಳೆ. ಮಗ ಇನ್ನು ಬರುವುದಿಲ್ಲ ಎಂಬುದು ನೋಡುವವರಿಗೆ ಗೊತ್ತು. ಹೊಲಿಯುತ್ತಾ ಹೊಲಿಯುತ್ತಾ ನಿಲ್ಲಿಸುತ್ತಾಳೆ. ನಿಂತ ಆ ಕ್ಷಣಕ್ಕೆ ದೊಡ್ಡ ಪಿಟೀಲಿನಂಥ ಸೆಲ್ಲೊ ಒಂದೇ ಒಂದು ಸ್ವರದಿಂದ ಶುರುವಾಗಬೇಕು. ಇಡೀ ಸಿನಿಮಾ ಕಾದಿರುವುದು ಆ ಸ್ವರಕ್ಕೆ ಎಂದು ಮೇಷ್ಟ್ರು ಎಲ್ಲರಿಗೂ ಹೇಳಿದ್ದಾರೆ. ಬಾಗಿಲಕ್ಕ ಮಿಷನ್ನಿನ ಸೂಜಿಯನ್ನು ನೋಡಿ, ಅದರ ಸದ್ದನ್ನು ಕೇಳಿ, ಎರಡೂ ಕೂಡಿವೆ ಎಂದು ಒಪ್ಪಿ ಫೈಲು ಕಳಿಸಿದ್ದಾರೆ.

ಗೋಡೆಯಾಚೆ ಮಿಷನ್ನಿನ ಸದ್ದು ನಿಲ್ಲುತ್ತದೆ. ಬಾಗಿಲಕ್ಕ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಾರೆ. ಅತ್ತೆ ಬಟ್ಟೆ ತಿರುಗಿಸಿ ಹಾಕಿ, ಮತ್ತೆ ಕಾಲು ಆಡಿಸಲು ಶುರುಮಾಡಿ, ಎರಡು ದಿನದಿಂದ ಕೇಳುತ್ತಿರುವುದನ್ನೇ ಮತ್ತೆ ಕೇಳುತ್ತಾರೆ: ಆ ಸಿನಿಮಾದ ಹೆಂಗಸು ಕೊನೆಗೆ ಅಳುತ್ತಾಳೋ ಇಲ್ಲವೋ? ಸೊಸೆಗೆ ಗೊತ್ತಿಲ್ಲ. ಅದನ್ನು ಎಷ್ಟೋ ಸಲ ನೋಡಿದ್ದಾರೆ, ಆದರೆ ನೋಡಿದ್ದು ಸೂಜಿಯನ್ನು ಎಂದು ಒಪ್ಪಿಕೊಳ್ಳುತ್ತಾರೆ.

“ಸೂಜೀಲಿ ಏನಿದೆ ಕಣೇ ನೋಡೋಕೆ” ಎನ್ನುತ್ತಾರೆ ಅತ್ತೆ. “ಹೊಲಿಯೋವಾಗ ಎಲ್ಲ ಹೊಲಿಗೇನೂ ಒಂದೇ. ಇದು ಯಾವುದು, ಅದು ಯಾವುದು ಅಂತ ನನಗೇ ಹೇಳಕ್ಕಾಗಲ್ಲ. ನಿಲ್ಸೋದು ನೋಡ್ಬೇಕು.” ಹೇಳುತ್ತಲೇ ಅಂಗೈಯನ್ನು ಚಕ್ರದ ಮೇಲೆ ಇಡುತ್ತಾರೆ. ಮಿಷನ್ನು ಥಟ್ಟನೆ ನಿಲ್ಲುತ್ತದೆ.

ಬಾಗಿಲಕ್ಕನಿಗೆ ಆಗ ಹೊಳೆಯುತ್ತದೆ. ಒಂದು ಹೊಲಿಗೆಯಂತೆಯೇ ಇನ್ನೊಂದು. ಚಿತ್ರದಲ್ಲಿ ಕಾಣುವುದು ಒಂದು ಹೊಲಿಗೆ, ಕಿವಿಗೆ ಕೇಳುವುದು ಅದರ ಪಕ್ಕದ್ದೋ ಅದರಾಚೆಯದೋ ಆಗಿದ್ದರೂ ಎರಡೂ ಕೂಡಿದಂತೆಯೇ ಕಾಣುತ್ತದೆ. ಇಷ್ಟು ವರ್ಷ ನಂಬಿದ ಪದ್ಧತಿ ಕೈಕೊಡುವ ಜಾಗ ಅದೊಂದೇ, ಸರಿಯಾಗಿ ಅಲ್ಲೇ ನಂಬಿ ಕೂತಿದ್ದರು.

ಸಿನಿಮಾದ ಫೈಲುಗಳನ್ನು ಮನೆಗೆ ತರುವಂತಿಲ್ಲ, ಹಾಗಾಗಿ ಇಲ್ಲಿ ನೋಡಲಾಗದು. ರೆಕಾರ್ಡಿಂಗ್ ದಿನ ಮೇಷ್ಟ್ರು ಫೋನು ಆರಿಸಿಡುತ್ತಾರೆ. ರೆಕಾರ್ಡಿಂಗ್ ಎಂಜಿನಿಯರಿಗೆ ಮಾಡಿದರೆ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಮತ್ತೊಮ್ಮೆ ನಂಬರು ಒತ್ತುವ ಹೊತ್ತಿಗೆ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿದ ಗಂಡ ಸ್ಕೂಟರಿನಲ್ಲಿ ಬಂದಿಳಿಯುತ್ತಾರೆ. ಹೆಂಡತಿಯ ಮುಖ ನೋಡಿ ಅವರು ಹೆಲ್ಮೆಟ್ಟು ತೆಗೆಯುವುದೇ ಇಲ್ಲ, ಸ್ಕೂಟರನ್ನು ತಿರುಗಿಸಿ ನಿಲ್ಲಿಸುತ್ತಾರೆ. ಮುಡಿಯ ಪೆನ್ನು ಮುಡಿಯಲ್ಲೇ ಇರುವಂತೆ ಬಾಗಿಲಕ್ಕ ಹಿಂದೆ ಹತ್ತುತ್ತಾರೆ.

ದಾರಿಯುದ್ದಕ್ಕೂ ಅವರ ತಲೆಯಲ್ಲಿ ಸ್ಟುಡಿಯೋ ಯಜಮಾನರ ಮಾತು ಸುತ್ತುತ್ತಿದೆ. ಹೊಸ ಸಾಫ್ಟ್‌ವೇರು ಎಂಥ ಫೈಲನ್ನಾದರೂ ತಾನೇ ಓದಿಕೊಳ್ಳುತ್ತದಂತೆ, ಈ ಕೋಣೆ, ಈ ಕೆಲಸ ಇನ್ನು ಬೇಕೇ ಎಂದು ಅವರು ಎರಡು ಸಲ ಕೇಳಿಯಾಗಿದೆ. ಮೂರನೇ ಸಲ ಕೇಳಲು ಇವತ್ತಿಗಿಂತ ಒಳ್ಳೆಯ ದಿನ ಸಿಗದು. ಸುಮ್ಮನಿದ್ದರೆ ಬಹುಶಃ ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂಬ ಯೋಚನೆಯೂ ಒಂದು ತಿರುವಿನಲ್ಲಿ ಬಂದು ಹೋಗುತ್ತದೆ. ಆಮೇಲೆ ಕೇಳಿದಾಗ ಅದನ್ನು ಅವರು ಮುಚ್ಚಿಡುವುದಿಲ್ಲ. “ಬಂತು. ಹೆದರಿಕೆ ಇದ್ದಾಗ ಏನೇನೋ ಬರುತ್ತೆ. ಆಮೇಲೆ ಆ ಹೆಂಗಸಿನ ನೆನಪಾಯ್ತು. ಅವಳು ಇನ್ನೂ ಹೊಲೀತಾ ಇದಾಳೆ, ಅಷ್ಟರಲ್ಲೇ ಸಂಗೀತ ಅಳೋಕೆ ಶುರು ಮಾಡಿದ್ರೆ ಅವಳಿಗೆ ಎಷ್ಟು ಅವಮಾನ ಅಲ್ವಾ?”

ಸ್ಟುಡಿಯೋದ ದೊಡ್ಡ ಕೋಣೆಯಲ್ಲಿ ವಾದ್ಯದವರು ಪೆಟ್ಟಿಗೆ ಬಿಚ್ಚಿ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ. ಬಾಗಿಲಕ್ಕ ಯಾರ ಮುಖವನ್ನೂ ನೋಡದೆ ಹಿಂದಿನ ತಮ್ಮ ಕೋಣೆ ಸೇರುತ್ತಾರೆ. ಅದು ಕಿಟಕಿಯಿಲ್ಲದ ಕೋಣೆ. ಒಂದು ಕುರ್ಚಿ, ಎರಡು ಪರದೆ, ಸದಾ ಗುರ್ರೆನ್ನುವ ಫ್ಯಾನು. ರೀಲಿನ ಕೊನೆಗೆ ಹೋಗಿ ಈ ಸಲ ಸೂಜಿಯನ್ನು ಬಿಟ್ಟು, ಹೆಂಗಸಿನ ಭುಜಗಳನ್ನು ನೋಡುತ್ತಾರೆ. ಮಿಷನ್ನು ತುಳಿಯುವಾಗ ಅಲುಗುವ ಭುಜ ನಿಲ್ಲುತ್ತದೆ. ಆಮೇಲೂ ಎರಡು ಹೊಲಿಗೆ ಕೇಳಿಸುತ್ತವೆ. ಮತ್ತೆ ನೋಡುತ್ತಾರೆ, ಮತ್ತೆ ಎರಡು. ಎಡಿಟರ್ ಕಳಿಸಿದ ಮೂಲ ಫೈಲನ್ನು ತೆರೆದರೆ ಅದರಲ್ಲಿ ಭುಜ ಮತ್ತು ಸದ್ದು ಒಟ್ಟಿಗೇ ನಿಲ್ಲುತ್ತವೆ. ತಪ್ಪು ಎಡಿಟರದಲ್ಲ, ಸಾಫ್ಟ್‌ವೇರಿನದೂ ಅಲ್ಲ. ವೇಗ ಆರಿಸಿದ್ದು ಇವರದೇ ಬೆರಳು.

ದೊಡ್ಡ ಕೋಣೆಗೆ ಓಡಿಬರುತ್ತಾರೆ. ಮೇಷ್ಟ್ರು ಆಗಲೇ ಕೈ ಎತ್ತಿದ್ದಾರೆ. ಗೋಡೆಗೊರಗಿ ಯಜಮಾನರೂ ನಿಂತಿದ್ದಾರೆ. ವಾದ್ಯದವರ ನಡುವೆ ಹಾದು ಹೋಗುವಾಗ ಸ್ವರಗಳ ಹಾಳೆ ಇಟ್ಟ ಒಂದು ಸ್ಟ್ಯಾಂಡು ಉರುಳುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ. ಪಕ್ಕಕ್ಕೆ ಕರೆದು ಹೇಳುವುದೆಂದು ದಾರಿಯಲ್ಲಿ ನಿಶ್ಚಯಿಸಿದ್ದ ಮಾತು ಎಲ್ಲರೆದುರೇ ಹೊರಬೀಳುತ್ತದೆ.

“ಮೇಷ್ಟ್ರೇ, ನಿಲ್ಸಿ. ಕೊನೇ ರೀಲು ನಾನು ತಪ್ಪು ಕೊಟ್ಟಿದೀನಿ. ಎರಡು ಹೊಲಿಗೆ ಜಾರಿದೆ.”

ಮೇಷ್ಟ್ರು ಎತ್ತಿದ ಕೈಯನ್ನು ನಿಧಾನವಾಗಿ ಇಳಿಸುತ್ತಾರೆ. ಬೈಯುತ್ತಾರೆ ಎಂದುಕೊಂಡವರೇ ಹೆಚ್ಚು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮೆಲ್ಲಗೆ ಹೇಳುತ್ತಾರೆ:

“ನನಗೂ ಕೇಳಿಸ್ತಿತ್ತು ಕಣಮ್ಮಾ. ಭುಜ ನಿಂತ ಮೇಲೂ ಎರಡು ಹೊಲಿಗೆ. ಚಕ್ರ ತಾನಾಗೇ ತಿರುಗಿರಬೇಕು ಅಂದ್ಕೊಂಡೆ. ನೀವು ನೋಡಿ ಕಳ್ಸಿದ್ದು ಅಲ್ವಾ, ಅದಕ್ಕೇ ನನ್ನ ಕಿವೀನೇ ನಂಬ್ಲಿಲ್ಲ.”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಮ್ಮ ಮೇಲೆ ಇಷ್ಟು ಭಾರದ ನಂಬಿಕೆಯೊಂದು ಕೂತಿದೆ ಎಂಬುದು ಬಾಗಿಲಕ್ಕನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಅದು ಜಾರಿದ ದಿನ. ಅವರ ಕಣ್ಣು ತುಂಬುತ್ತದೆ, ಒರೆಸಿಕೊಳ್ಳಲು ಹೊತ್ತಿಲ್ಲ. ಮೇಷ್ಟ್ರು ಬೇರೆ ರೀಲಿನ ಒಂದು ಸಣ್ಣ ತುಣುಕನ್ನು ಮೊದಲು ನುಡಿಸಿಕೊಳ್ಳೋಣ ಎಂದು ವಾದ್ಯದವರಿಗೆ ಹೇಳುತ್ತಾರೆ. ಯಜಮಾನರು ಉರುಳಿದ ಸ್ಟ್ಯಾಂಡನ್ನು ಎತ್ತಿ ನಿಲ್ಲಿಸುತ್ತಾರೆ.

ಮತ್ತೆ ಹಸಿರು ಪಟ್ಟಿ, ಮತ್ತೆ ಇರುವೆಯ ನಡಿಗೆ. ಹೊಸ ಫೈಲು ಸಿದ್ಧವಾದ ಮೇಲೆ ಶುರು ನೋಡುತ್ತಾರೆ, ನಡುವೆ ನೋಡುತ್ತಾರೆ, ಕೊನೆಯನ್ನು ನೋಡಿದ್ದೇ ನೋಡುತ್ತಾರೆ. ಭುಜ ನಿಂತಾಗಲೇ ಸದ್ದು ನಿಲ್ಲುತ್ತದೆ. ಆದರೂ ನಂಬಿಕೆಯಿಲ್ಲ, ಎಂಜಿನಿಯರನ್ನು ಕರೆದು ತೋರಿಸುತ್ತಾರೆ. ಅವರು ಸರಿ ಎಂದ ಮೇಲೂ ನಂಬಿಕೆಯಿಲ್ಲ. ಮೇಷ್ಟ್ರು ಹಳೆಯ ಫೈಲಿನ ಸದ್ದು ನಿಂತಲ್ಲಿಗೆ ಇಟ್ಟಿದ್ದ, ಸೆಲ್ಲೊ ಶುರುವಾಗುವ ಗುರುತನ್ನು ಎರಡು ಹೊಲಿಗೆಯಷ್ಟು ಹಿಂದಕ್ಕೆ ಸರಿಸುತ್ತಾರೆ. ಎಂದೂ ಇಲ್ಲದೆ, ಇವತ್ತು ಒಳಗೇ ಕೂತು ಕೇಳಿ ಎನ್ನುತ್ತಾರೆ.

ಕಾರಣ, ಆ ಡೋಲಿನ ದಿನದ ನಂತರ ಬಾಗಿಲಕ್ಕ ತಾವು ಕೆಲಸ ಮಾಡಿದ ಯಾವ ಸಿನಿಮಾವನ್ನೂ ಅದರ ಸಂಗೀತದೊಂದಿಗೆ ನೋಡಿದವರಲ್ಲ. ಅವರ ಕೈಯಲ್ಲಿರುವಾಗ ಸಂಗೀತ ಹುಟ್ಟಿರುವುದಿಲ್ಲ. ಹುಟ್ಟುವ ಹೊತ್ತಿಗೆ ಅವರ ಮುಂದೆ ಇನ್ನೊಂದು ಫೈಲು. ಚಿತ್ರಮಂದಿರಕ್ಕೆ ಹೋದರೆ ಕೊನೆಗೆ ಊಟ ತಂದವರ, ವ್ಯಾನು ಓಡಿಸಿದವರ ಹೆಸರೂ ಬರುತ್ತದೆ, ಎಲೆಮರೆಯ ಕಾಯಿಯಂಥ ಇವರದು ಬರುವುದಿಲ್ಲ. ಅದಕ್ಕೆ ಬೇಸರವಿಲ್ಲವಂತೆ. ಹೋಗದಿರುವುದು ಭಯದಿಂದ. ಅಲ್ಲಿ ಏನಾದರೂ ಜಾರಿದ್ದರೆ ಸರಿಪಡಿಸುವ ಹಾಗಿಲ್ಲವಲ್ಲ.

ಮೂಲೆಯ ಸ್ಟೂಲಿನ ಮೇಲೆ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂರುತ್ತಾರೆ. ಪರದೆಯ ಮೇಲೆ ಹೆಂಗಸು ಹೊಲಿಯುತ್ತಾಳೆ. ವಾದ್ಯದವರು ಉಸಿರು ಹಿಡಿದಿದ್ದಾರೆ. ಭುಜ ನಿಲ್ಲುತ್ತದೆ, ಮಿಷನ್ನು ನಿಲ್ಲುತ್ತದೆ, ಸೆಲ್ಲೊ ಶುರುವಾಗುತ್ತದೆ. ಮೂರೂ ಒಂದೇ ಕ್ಷಣಕ್ಕೆ. ಕೋಣೆಯಲ್ಲಿ ಇಬ್ಬರು ಮೂವರು ಕಣ್ಣೊರೆಸಿಕೊಳ್ಳುತ್ತಾರೆ. ಬಾಗಿಲಕ್ಕ ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚುತ್ತಾರೆ, ಬೆರಳಿನ ತುದಿ ಬಿಳುಚಿಕೊಂಡಿದೆ.

ಹೊರಡುವಾಗ ಯಜಮಾನರು ಕೋಣೆಯ ವಿಷಯ ಮುಂದಿನ ವಾರ ಮಾತಾಡೋಣ ಎನ್ನುತ್ತಾರೆ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ. ಮನೆಗೆ ಬಂದರೆ ಅತ್ತೆ ಪರದೆಗಳನ್ನು ಮಡಚಿಡುತ್ತಿದ್ದಾರೆ. ಸೊಸೆ ಚಪ್ಪಲಿ ಬಿಡುವ ಮೊದಲೇ ಅದೇ ಪ್ರಶ್ನೆ: ಅವಳು ಅತ್ತಳಾ?

“ಗೊತ್ತಿಲ್ಲ ಅತ್ತೆ. ಸರಿಯಾದ ಹೊತ್ತಿಗೆ ನಿಂತಳು.”

ಅತ್ತೆ ಹಣೆ ಚಚ್ಚಿಕೊಳ್ಳುತ್ತಾರೆ. ಇಂಥವಳನ್ನು ಸಿನಿಮಾ ಕೆಲಸಕ್ಕೆ ಇಟ್ಟುಕೊಂಡವರಿಗೆ ಬುದ್ಧಿಯಿಲ್ಲ ಎಂದು ಗೋಡೆಗೆ ಹೇಳುತ್ತಾರೆ. ಗಂಡ ಒಳಗಿನಿಂದ ನಗುತ್ತಾರೆ. ಬಾಗಿಲಕ್ಕನೂ ನಗುತ್ತಾರೆ, ಬೆಳಗಿನಿಂದ ಮೊದಲ ಸಲ.

ನಿಮಗೇನು ಆಸೆ ಎಂದು ಕೇಳಿದರೆ ಮುಡಿಯ ಪೆನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಕೋಣೆ ಉಳಿಯಲಿ ಎನ್ನುತ್ತಾರೋ, ಹೆಸರು ಬರಲಿ ಎನ್ನುತ್ತಾರೋ ಎಂದುಕೊಂಡರೆ ಎರಡೂ ಅಲ್ಲ.

“ಈ ಸಿನಿಮಾ ಬಂದಾಗ ಅತ್ತೇನ ಕರ್ಕೊಂಡು ಹೋಗ್ತೀನಿ. ಭಯ ಆಗುತ್ತೆ, ಆದ್ರೂ ಹೋಗ್ತೀನಿ. ಕೊನೇಲಿ ಸೂಜಿ ನೋಡಲ್ಲ, ಭುಜಾನೂ ನೋಡಲ್ಲ. ಒಂದ್ಸಲ ಅವಳ ಮುಖ ನೋಡ್ಬೇಕು.”