ಖಾಲಿ ಪೋಸ್ಟರಿನಲ್ಲಿ ನಿಂತವನು

ಆ ಮುದ್ರಣಾಲಯದಲ್ಲಿ ಯಂತ್ರಗಳು ನಾಲ್ಕಿದ್ದವು, ಕಣ್ಣು ಎರಡೇ. ಆ ಎರಡೂ ಬಣ್ಣದಕ್ಕನವು. ಸಾಬೂನಾಗಲಿ, ಚಹಾಪುಡಿಯಾಗಲಿ, ಮಕ್ಕಳ ಆಟಿಕೆಯಾಗಲಿ, ಅದರ ರಟ್ಟಿನ ಪೆಟ್ಟಿಗೆ ಅಲ್ಲಿ ಅಚ್ಚಾಗಬೇಕಾದರೆ ಮೊದಲ ಹಾಳೆ ಅವಳ ಮೇಜಿಗೆ ಬರಬೇಕು. ಅವಳು ಅದನ್ನು ಬಿಳಿ ದೀಪದ ಕೆಳಗೆ ಹಿಡಿದು, ಒಮ್ಮೆ ನೇರವಾಗಿ ಒಮ್ಮೆ ಓರೆಯಾಗಿ ನೋಡಿ, "ಕೆಂಪು ಒಂದೆಳೆ ಇಳಿಸಿ" ಎಂದರೆ ಇಳಿಸಬೇಕು. ಮೂಲೆಯಲ್ಲಿ ಸಹಿ ಹಾಕಿದರೆ ಯಂತ್ರ ಓಡುತ್ತದೆ. ಹಾಕದಿದ್ದರೆ ಮಾಲೀಕನೇ ಬಂದು ನಿಂತರೂ ಓಡುವುದಿಲ್ಲ. ಒಪ್ಪಿಗೆಯಾದ ಮಾದರಿಯನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು ಎಂಬ ನಿಯಮ ಗೋಡೆಯ ಮೇಲೇನೋ ಬರೆದಿತ್ತು. ಅವಳು ಅದನ್ನು ಪಾಲಿಸುವುದು ಬಿಟ್ಟು ಹದಿನೈದು ವರ್ಷವಾಗಿತ್ತು. ಮಾದರಿಗಳೆಲ್ಲ ನನ್ನ ತಲೆಯಲ್ಲಿವೆ ಎನ್ನುತ್ತಿದ್ದಳು. ಸುಳ್ಳಲ್ಲ, ಇದ್ದವು.

ವಯಸ್ಸು ಐವತ್ತಮೂರು. ಗಂಡ ದೂರದೂರಿಗೆ ಲಾರಿ ಓಡಿಸುವವನು, ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯಲ್ಲಿ ಸದಾ ಇರುವವರು ಅವಳು ಮತ್ತು ಎಂಬತ್ತು ದಾಟಿದ ಅತ್ತೆ. ಇವರಿಬ್ಬರಿಗೂ ಒಂದೇ ಹುಚ್ಚು: ಹಾರುವ, ಮುಖವಾಡ ತೊಟ್ಟ, ಊರು ಉಳಿಸುವ ವೀರರ ಸಿನಿಮಾ. ಅತ್ತೆ ಸೊಸೆ ಸೇರಿ ಭಾನುವಾರದ ಮ್ಯಾಟಿನಿಗೆ ಹೋಗುತ್ತಾರೆಂದರೆ ಟಿಕೆಟ್ ಕೊಡುವವನಿಗೂ ಗೊತ್ತು, ಮೂರನೇ ಸಾಲಿನ ಅಂಚಿನ ಎರಡು ಸೀಟು. ಮಾತುಕತೆ ನಡೆಯುವಾಗ ಅತ್ತೆ ಸಣ್ಣಗೆ ಗೊರಕೆ ಹೊಡೆಯುತ್ತಾಳೆ, ಹೊಡೆದಾಟ ಶುರುವಾಗುತ್ತಲೇ ಯಾರೂ ಎಬ್ಬಿಸದೆ ಏಳುತ್ತಾಳೆ. ಅವಳ ಅಳತೆ ಒಂದೇ. "ಮೇಲಿಂದ ಇಳಿದಾಗ ನೆಲ ಬಿರುಕು ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ ಅವನೆಂಥ ಶೂರ?"

ಸೊಸೆಯ ಅಳತೆ ಬೇರೆ. ಶಕ್ತಿ ಬರುವುದಕ್ಕೆ ಮುಂಚಿನ ಅರ್ಧ ಗಂಟೆಯೇ ಸಿನಿಮಾ ಎಂಬುದು ಅವಳ ವಾದ. ಆಗ ಅವನಿನ್ನೂ ಬಸ್ಸು ತಪ್ಪಿಸಿಕೊಳ್ಳುತ್ತಾನೆ, ಬೈಸಿಕೊಳ್ಳುತ್ತಾನೆ, ಬಾಗಿಲಿಗೆ ತಲೆ ಬಡಿದುಕೊಳ್ಳುತ್ತಾನೆ. ಆಮೇಲಿನದೆಲ್ಲ ಗಾಜು ಒಡೆಯುವ ಸದ್ದು. ಆದರೆ ಸಿನಿಮಾಕ್ಕಿಂತ ಅವಳಿಗೆ ಮುಖ್ಯವಾದದ್ದು ಪೋಸ್ಟರು. ಅವಳ ಅಪ್ಪ ಅಂಗಡಿ ಬೋರ್ಡು, ಸಿನಿಮಾ ಬ್ಯಾನರು ಬರೆಯುತ್ತಿದ್ದವನು, ಆ ರಕ್ತ ಎಲ್ಲಿಗೆ ಹೋಗುತ್ತದೆ? ಪೋಸ್ಟರೆಂದರೆ ರಸ್ತೆ ದಾಟುವವನು ಒಂದು ಕ್ಷಣ ನಿಂತು ಗಾಡಿಯವರಿಂದ ಬೈಸಿಕೊಳ್ಳುವಂತಿರಬೇಕು, ಒಂದು ವಸ್ತು, ಒಂದು ಬಣ್ಣ, ಉಳಿದದ್ದು ಖಾಲಿ. ಈಗಿನವರಂತೆ ಹನ್ನೆರಡು ತಲೆಗಳನ್ನು ತರಕಾರಿ ಗುಡ್ಡೆಯ ಹಾಗೆ ಪೇರಿಸಿದರೆ ಅದು ಪೋಸ್ಟರಲ್ಲ, ಹಾಜರಿ ಪುಸ್ತಕ. ವೀರನ ಮೇಲುಹೊದಿಕೆಯ ಕೆಂಪು ರಕ್ತದ ಕೆಂಪಾಗಬಾರದು. ಖಳನ ಪೋಸ್ಟರು ಯಾವಾಗಲೂ ನಾಯಕನದಕ್ಕಿಂತ ಚೆನ್ನಾಗಿರುತ್ತದೆ, ಯಾಕೆಂದರೆ ಅವನನ್ನು ಚೆಂದ ಕಾಣಿಸಬೇಕೆಂಬ ಒತ್ತಾಯ ಯಾರಿಗೂ ಇರುವುದಿಲ್ಲ. ಇಂಥವು ಅವಳ ಬಳಿ ಮೂಟೆಗಟ್ಟಲೆ. ಎದುರಾಡಿದವರು ಗೆದ್ದದ್ದಿಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೀಗಿರುವಾಗ ಚಿತ್ರಮಂದಿರದ ಮ್ಯಾನೇಜರು ಅವಳಿಗೊಂದು ಪೋಸ್ಟರು ಕೊಟ್ಟ. ಕತ್ತಲಲ್ಲಿ ಮಾತ್ರ ಬಲ ಬರುವ ಒಬ್ಬ ವೀರನ ಮೂರನೇ ಭಾಗ ಬಂದು ಹೋಗಿತ್ತು, ಅದರದು. ಬಿಚ್ಚಿ ನೋಡಿದರೆ ಆಳೆತ್ತರದ ಕಪ್ಪು ಹಾಳೆ. ತಳದಲ್ಲಿ ಮುಚ್ಚಿದ ಬಾಗಿಲಿನ ಸಂದಿಯಿಂದ ಬಂದಂತೆ ಒಂದು ಬಿಳಿ ಗೆರೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಹೆಸರು. ಅಷ್ಟೇ. ಬಣ್ಣದಕ್ಕನಿಗೆ ಮೈ ಜುಮ್ಮೆಂದಿತು. ಮನೆಗೆ ತಂದು ಊಟದ ಮೇಜಿನ ಎದುರು ಗೋಡೆಗೆ ಅಂಟಿಸಿದಳು.

ಆಮೇಲೆ ಮೂರು ವಾರ ಮನೆಗೆ ಬಂದವರಿಗೆ ಬಿಡುಗಡೆಯಿರಲಿಲ್ಲ. "ನೋಡಿ, ವೀರನೇ ಇಲ್ಲ. ಇನ್ನೂರು ಜನ ಸೇರಿ ಮಾಡಿದ ಸಿನಿಮಾದಲ್ಲಿ ಅವನನ್ನೇ ತೋರಿಸದೆ ಬಿಡೋಕೆ ಎಷ್ಟು ಧೈರ್ಯ ಬೇಕು ಗೊತ್ತಾ? ಕತ್ತಲೆಯೇ ಅವನು." ಮಹಡಿಯವರು ಕೇಳಿದರು, ಗ್ಯಾಸ್ ತಂದವನು ಕೇಳಿದ, ತೆಗೆದುಕೊಂಡು ಹೋಗಿದ್ದ ಏಣಿ ವಾಪಸು ಕೊಡಲು ಬಂದ ಮುದ್ರಣಾಲಯದ ಮೇಸ್ತ್ರಿಯೂ ನಿಂತು ಕೇಳಿದ. ಎಲ್ಲರೂ ಪೋಸ್ಟರನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಹೂಂಗುಟ್ಟಿದರು. ಬಣ್ಣದ ವಿಷಯದಲ್ಲಿ ಅವಳಿಗೆ ಇಲ್ಲವೆನ್ನಲು ಯಾರಿಗೆ ಎಂಟೆದೆಯಿತ್ತು?

ಅತ್ತೆಗೆ ಮಾತ್ರ ಬಣ್ಣದ ಹಂಗಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕೈ ಒಣಗಿಸಿಕೊಳ್ಳುತ್ತ ಕೂತಿದ್ದವಳು ಕೇಳಿದಳು. "ಅಲ್ವೇ, ಇವನ್ಯಾಕೆ ಯಾವಾಗ್ಲೂ ನಮಗೆ ಬೆನ್ನು ಹಾಕ್ಕೊಂಡೇ ನಿಂತಿರ್ತಾನೆ? ಊಟ ಮಾಡೋರ ಕಡೆ ಒಂದ್ಸಲ ತಿರುಗಬಾರ್ದಾ?"

"ಯಾರು?"

"ಇವನೇ. ಈ ನೀಲಿ ಬಟ್ಟೆಯವನು."

ಸೊಸೆ ನಕ್ಕಳು. ವಯಸ್ಸಾದ ಕಣ್ಣು, ಕಪ್ಪಿನಲ್ಲಿ ಏನೇನೋ ಕಾಣುತ್ತದೆ ಎಂದುಕೊಂಡಳು. ಅತ್ತೆ ಎದ್ದು ಹೋಗಿ ಪೋಸ್ಟರಿನ ಮೇಲೆ ಬೆರಳೆಳೆದಳು. ಇದು ತಲೆ, ಇದು ಭುಜ, ಇಲ್ಲಿ ಹೊದಿಕೆ ಗಾಳಿಗೆ ಹಾರ್ತಿದೆ, ಇವು ಕಾಲು. ಬೆರಳು ತಡವರಿಸಲಿಲ್ಲ. ಕಲ್ಪಿಸಿಕೊಂಡದ್ದರ ಮೇಲೆ ಯಾರ ಬೆರಳೂ ಅಷ್ಟು ನಿಖರವಾಗಿ ಓಡುವುದಿಲ್ಲ.

ಬಣ್ಣದಕ್ಕನ ಚೀಲದಲ್ಲಿ ಯಾವಾಗಲೂ ಒಂದು ಪುಟ್ಟ ಭೂತಗನ್ನಡಿ ಇರುತ್ತದೆ. ಹಾಳೆಯ ಮೇಲಿಟ್ಟು ಕಣ್ಣು ಹಚ್ಚಿದರೆ ಅಚ್ಚಿನ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವಂಥದ್ದು. ಅದನ್ನು ತಂದು ಅತ್ತೆ ತೋರಿಸಿದ ಭುಜದ ಮೇಲಿಟ್ಟಳು. ಕಪ್ಪು ಚುಕ್ಕಿಗಳ ನಡುವೆ ಬೇರೆ ಚುಕ್ಕಿಗಳು ಒತ್ತೊತ್ತಾಗಿ ಇದ್ದವು. ಒಂದು ಬೆರಳು ಆಚೆ ಸರಿಸಿದಳು. ಅಲ್ಲಿ ಅವು ಇರಲಿಲ್ಲ. ಮತ್ತೆ ಈಚೆ ತಂದಳು, ಇದ್ದವು. ಕನ್ನಡಿ ತೆಗೆದು ಬರಿಗಣ್ಣಲ್ಲಿ ನೋಡಿದರೆ ಎಲ್ಲ ಒಂದೇ ಕಪ್ಪು. ಮೂರು ವಾರದಿಂದ ಒಬ್ಬ ಆಳೆತ್ತರದ ಮನುಷ್ಯ ಊಟದ ಮೇಜಿನ ಎದುರು ನಿಂತಿದ್ದ, ಅವಳಿಗೆ ಕಂಡಿರಲಿಲ್ಲ.

ಅಪ್ಪನಿಗೂ ಶುರುವಾದದ್ದು ಹೀಗೆಯೇ. ಒಂದು ದಿನ ಏಣಿಯ ಮೇಲಿಂದ, ಹಸಿರಿನ ಡಬ್ಬಿ ಎಲ್ಲಿ ಎಂದು ಕೇಳಿದ್ದ. ಹಸಿರಿನ ಡಬ್ಬಿ ಅವನ ಮುಂದೆಯೇ ಇತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ, ತಡವಾಗಿ ಬಂದಿರಿ ಎಂದು ಡಾಕ್ಟರು ಹೇಳುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಐವತ್ತಾರಕ್ಕೆ ಅವನಿಗೆ ಹಗಲೂ ಇರುಳೂ ಒಂದಾಯಿತು. ಮಗಳಿಗೀಗ ಐವತ್ತಮೂರು. ಲೆಕ್ಕ ಹಾಕಲು ಬೆರಳೂ ಬೇಕಾಗಲಿಲ್ಲ.

"ಏನಾಯ್ತೇ?" ಎಂದಳು ಅತ್ತೆ.

"ಏನಿಲ್ಲ, ನೀವು ಹೇಳಿದ್ದು ಸರಿ. ಬೆನ್ನು ಹಾಕಿದಾನೆ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮುದ್ರಣಾಲಯದಲ್ಲಿ ಮೊದಲ ಹಾಳೆ ಬಂತು. ಎಳೆಮಕ್ಕಳ ಸಾಬೂನಿನ ಪೆಟ್ಟಿಗೆ, ಮೇಲೊಂದು ಗುಂಡುಮುಖದ ಮಗು. ಅವಳು ಪೆನ್ನು ಹಿಡಿದಳು, ಸಹಿ ಹಾಕಲಾಗಲಿಲ್ಲ. ಯಂತ್ರದವರು ಕಾಯುತ್ತಿದ್ದರು. ಸುಮ್ಮನೆ ಹಾಕಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ನಿವೃತ್ತಿಗೆ ಇನ್ನೂ ಐದು ವರ್ಷ, ಹೇಗೋ ನೂಕಬಹುದು ಎಂಬ ಯೋಚನೆಯೂ ಬಂದು ಹೋಯಿತು. ಸುಳ್ಳು ಯಾಕೆ ಹೇಳಲಿ, ಎರಡು ಸಲ ಬಂತು. ಆದರೆ ಕಪಾಟಿನಿಂದ ಒಪ್ಪಿಗೆಯ ಮಾದರಿ ತೆಗೆಸಿ, ಹದಿನೈದು ವರ್ಷದ ಮೇಲೆ ಮೊದಲ ಬಾರಿ ಪಕ್ಕದಲ್ಲಿಟ್ಟು ಮೇಸ್ತ್ರಿಯನ್ನು ಕರೆದಳು.

"ಈ ಎರಡರಲ್ಲಿ ವ್ಯತ್ಯಾಸ ಕಾಣುತ್ತಾ ನಿಮಗೆ?"

ಮೇಸ್ತ್ರಿ ಕಾಲು ಬದಲಿಸಿದ. "ನೀವೇ ಹೇಳ್ಬೇಕು ಅಕ್ಕ."

"ನನಗೆ ಕಾಣ್ತಿಲ್ಲ. ನನ್ನ ಕಣ್ಣು ಸರಿಯಿಲ್ಲ. ಅದಕ್ಕೇ ಕೇಳ್ತಿದೀನಿ."

ಮೇಸ್ತ್ರಿ ಎರಡೂ ಹಾಳೆಗಳನ್ನು ದೀಪದ ಕೆಳಗೆ ಸರಿಸಿದ. ಆಮೇಲೆ ಒಂದೊಂದಾಗಿ ಹೊರಬಂತು. ನಾಲ್ಕು ತಿಂಗಳಿಂದ ಅವಳು ಹಳದಿ ಇಳಿಸಿ, ಹಳದಿ ಇಳಿಸಿ ಎನ್ನುತ್ತಲೇ ಇದ್ದಳು. ಅವರು ಇಳಿಸುತ್ತಲೇ ಇದ್ದರು. ಮಾದರಿಯ ಮಗು ಈಗಷ್ಟೇ ನಿದ್ದೆಯಿಂದೆದ್ದಂತೆ ಕೆಂಪಗಿತ್ತು, ಇವರು ಅಚ್ಚು ಮಾಡಿದ ಮಗು ಚಳಿಯಲ್ಲಿ ನಿಂತು ನೀಲಿಗಟ್ಟಿದಂತಿತ್ತು. ಸಾಬೂನಿನವರು ಒಮ್ಮೆ ದೂರಿದಾಗ, ಅವರಿಗೆ ಬಣ್ಣ ಗೊತ್ತಿಲ್ಲ ಎಂದು ಅವಳೇ ಬೈದು ಕಳಿಸಿದ್ದಳು.

"ಬಣ್ಣ ಅಳೆಯೋ ಮೀಟರ್ ಇದೆಯಲ್ಲ, ಅದೇನು ಹೇಳ್ತಿತ್ತು?"

"ಹಳದಿ ಕಮ್ಮಿ ಇದೆ ಅಂತ ಹೇಳ್ತಿತ್ತು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಮೀಟರ್ ಕೆಟ್ಟಿದೆ ಅಂದ್ಕೊಂಡ್ವಿ ಅಕ್ಕ. ಎರಡು ಸಲ ರಿಪೇರಿಗೆ ಕಳಿಸಿದ್ವಿ. ಅವರು ಸರಿಯಾಗಿಯೇ ಇದೆ ಅಂತ ವಾಪಸ್ ಕಳಿಸಿದ್ರು. ಅವರಿಗೆ ರಿಪೇರಿ ಬರಲ್ಲ ಅಂತ ಮೂರನೇ ಕಡೆ ವಿಚಾರಿಸ್ತಿದ್ವಿ."

ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಯಾರಿಗೋ ಎಂದುಕೊಂಡಿದ್ದಳು. "ಪೋಸ್ಟರಲ್ಲಿ ಆ ನೀಲಿಯವನು ನಿಮಗೂ ಕಂಡಿದ್ನಾ?" ಎಂದು ಕೇಳಿದಳು.

"ಕಂಡಿದ್ದ. ಆದ್ರೆ ನೀವು ಇಲ್ಲ ಅಂದ್ರಲ್ಲ, ಏನೋ ಗೂಢಾರ್ಥ ಇರ್ಬೇಕು ಅಂದ್ಕೊಂಡೆ."

ಸಹಿ ಹಾಕುವ ಪೆನ್ನನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಮೀಟರ್ ಹೇಳಿದಂತೆ ಓಡಿಸಿ ಎಂದು ಹೇಳಿ, ರಜೆ ಬರೆದಿಟ್ಟು ಹೊರಟಳು. ಗೇಟಿನ ತನಕ ನೆಟ್ಟಗೆ ನಡೆದಳು. ಗೇಟು ದಾಟಿದ ಮೇಲೆ ಕಾಂಪೌಂಡಿನ ಗೋಡೆ ಹಿಡಿದು ನಡೆದಳು.

ಬುಧವಾರ ಕಣ್ಣಾಸ್ಪತ್ರೆಗೆ ಒಬ್ಬಳೇ ಹೋಗುವ ಎಣಿಕೆಯಿತ್ತು. ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಮೂರು ದಿನದಿಂದ ತಟ್ಟೆಯಲ್ಲಿ ಬರೀ ಗೆರೆ ಎಳೀತಿದೀಯ. ನಾನು ಬರ್ತೀನಿ" ಎಂದಳು. ಬೇಡವೆನ್ನುವ ಶಕ್ತಿ ಇವಳಿಗಿರಲಿಲ್ಲ.

ಗದ್ದ ಊರಿ ಒಂದು ಯಂತ್ರ ನೋಡಿದ್ದಾಯಿತು, ಕಣ್ಣಿಗೆ ಗಾಳಿ ಊದುವ ಇನ್ನೊಂದಾಯಿತು. ಔಷಧದ ಹನಿ ಹಾಕಿ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆ ಮುಕ್ಕಾಲು ಗಂಟೆಯಲ್ಲಿ ಬಣ್ಣದಕ್ಕ ಮನೆಯ ಸಾಮಾನುಗಳನ್ನೆಲ್ಲ ಮನಸ್ಸಿನಲ್ಲೇ ಮುಟ್ಟಿ ನೋಡಿದಳು. ಒಲೆ ಎಲ್ಲಿ, ಚಾಕು ಎಲ್ಲಿ, ಮೆಟ್ಟಿಲು ಎಷ್ಟು. ಅತ್ತೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು. ದೀಪ ಬಿಟ್ಟು ಎರಡೂ ಕಣ್ಣಿನೊಳಗೆ ತುಂಬ ಹೊತ್ತು ಇಣುಕಿದಳು. "ನಿಮ್ಮ ತಂದೆಗಿದ್ದ ಕಾಯಿಲೆ ನಿಮಗಿಲ್ಲ. ಒತ್ತಡ ಸರಿಯಾಗಿದೆ, ನರ ಚೆನ್ನಾಗಿದೆ. ಪೊರೆ ಬಂದಿದೆ, ಅಷ್ಟೇ."

"ಪೊರೆನಾ? ಮಂಜು ಮಂಜಾಗಿಲ್ವಲ್ಲ. ಸೂಜಿಯಷ್ಟು ಸಣ್ಣ ಅಕ್ಷರ ಓದ್ತೀನಿ."

"ಕೆಲವರಿಗೆ ಮಂಜಾಗಲ್ಲ, ಹಳದಿಯಾಗುತ್ತೆ. ಹಳೇ ಪೇಪರ್ ಮೂಲಕ ನೋಡಿದ ಹಾಗೆ. ನೀಲಿ ಮೊದಲು ಹೋಗುತ್ತೆ. ನಿಧಾನವಾಗಿ ಆಗೋದ್ರಿಂದ ನಮಗೇ ಗೊತ್ತಾಗಲ್ಲ. ತೆಗೆದುಬಿಟ್ರೆ ಎಲ್ಲ ವಾಪಸ್ ಬರುತ್ತೆ."

"ಇನ್ನೊಂದ್ಸಲ ಹೇಳಿ."

ಡಾಕ್ಟರು ಹೇಳಿದಳು. ಬಣ್ಣದಕ್ಕ ಮೂರನೇ ಸಲವೂ ಹೇಳಿಸಿದಳು, ಸಾಲಗಾರನಂತೆ ಮುಖ ಸಣ್ಣಗೆ ಮಾಡಿಕೊಂಡು. ಆಮೇಲೆ ಕುರ್ಚಿಯಲ್ಲೇ ಅತ್ತಳು. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಗಿತ್ತು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗುವುದು ಎಂದರೆ ಇದೇ ಇರಬೇಕು. ಹೋದ ಜೀವ ಬಂದಿತ್ತು.

"ಪೊರೆಗೆ ಇಷ್ಟು ರಾಮಾಯಣವಾ?" ಎಂದಳು ಅತ್ತೆ. "ನನಗೆ ಎರಡೂ ಕಣ್ಣಿಂದು ತೆಗೆದ್ರಲ್ಲ, ಸಂಜೆಗೆ ಸಿನಿಮಾಕ್ಕೆ ಹೋಗೋಣ ಅಂದಿದ್ದೆ. ನೀನೇ ಬೇಡ ಅಂದೆ." ಹಾಗೆಂದವಳ ಕೈ ಸೊಸೆಯ ಬೆನ್ನ ಮೇಲೆ ಆಡುತ್ತಲೇ ಇತ್ತು.

ಬೀದಿಗಿಳಿದಾಗ ಹನಿಯ ಔಷಧಕ್ಕೆ ಪಾಪೆ ಹಿಗ್ಗಿ ಬಿಸಿಲೆಲ್ಲ ಒಟ್ಟಿಗೆ ಕಣ್ಣೊಳಗೆ ನುಗ್ಗಿತು. ಬಸ್ಸು ಯಾವುದು, ಅಂಗಡಿ ಯಾವುದು ತಿಳಿಯದು. ಎಲ್ಲ ಬಿಳಿ. "ನನ್ನ ಮೊಣಕೈ ಹಿಡ್ಕೋ, ಗುಂಡಿ ಬಂದ್ರೆ ಹೇಳ್ತೀನಿ" ಎಂದಳು ಅತ್ತೆ. ಹಿಡಿದುಕೊಂಡಳು. ಅಷ್ಟು ಕಡಿಮೆ ಕಾಣುತ್ತಿದ್ದರೂ ಅಷ್ಟು ನಿರಾಳವಾಗಿ ಅವಳು ಎಷ್ಟೋ ದಿನದಿಂದ ನಡೆದಿರಲಿಲ್ಲ.

ತಿರುವಿನ ಗೋಡೆಯ ಬಳಿ ಹಸಿ ಅಂಟಿನ ವಾಸನೆ ಬಂತು. ಅತ್ತೆ ನಿಂತಳು. "ಹೊಸದು ಅಂಟಿಸಿದಾರೆ. ನಿನ್ನ ಹಾರೋ ಜನದ್ದೇ."

ಬಣ್ಣದಕ್ಕ ಆ ಕಡೆ ತಿರುಗಿದಳು. ಬೆಳಕು ಬಿಟ್ಟರೆ ಏನಿಲ್ಲ. ಕಣ್ಣು ಹೋದ ಮೇಲೆ ಅಪ್ಪನೂ ಹೀಗೆ ನಿಲ್ಲುತ್ತಿದ್ದ. ಅಂಟಿನ ವಾಸನೆ ಬಂದಲ್ಲೆಲ್ಲ ಗೋಡೆಗೆ ಮುಖ ಮಾಡಿ, "ಏನು ಹಾಕಿದಾರೆ ಮಗಳೇ?" ಎಂದು ಕೇಳುತ್ತಿದ್ದ. ಇಪ್ಪತ್ತರ ಹುಡುಗಿಗೆ ಎಲ್ಲಿಲ್ಲದ ಅವಸರ. "ಏನೋ ಒಂದು ಸಿನಿಮಾ, ಬಾ ಅಪ್ಪ" ಎಂದು ಕೈ ಹಿಡಿದು ಎಳೆಯುತ್ತಿದ್ದಳು. ಅವನು ಬರುತ್ತಿದ್ದ. ಒಂದು ದಿನವೂ ಎರಡನೇ ಸಲ ಕೇಳಲಿಲ್ಲ.

"ಏನು ಹಾಕಿದಾರೆ ಅತ್ತೆ?" ಎಂದು ಕೇಳಿದಳು.

ಅತ್ತೆಗೆ ಬಿಸಿಲಲ್ಲಿ ನಿಂತರೆ ತಲೆ ಸುತ್ತುತ್ತದೆ, ಮಂಡಿ ನೋಯುತ್ತದೆ. ಆದರೂ ಚೀಲವನ್ನು ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದುಕೊಂಡು ಶುರು ಮಾಡಿದಳು. "ಮೇಲೆ ಆಕಾಶ ಇದೆ. ಮೋಡ ಇಲ್ಲ. ಎಡಗಡೆ ಒಂದು ಹೆಣ್ಣು, ಒಂದು ಕಾಲಲ್ಲಿ ಬೂಟ್ ಇಲ್ಲ. ಯಾಕಿಲ್ಲ ಅಂತ ಗೊತ್ತಾಗ್ತಿಲ್ಲ, ತಡಿ, ಹತ್ರ ಹೋಗಿ ನೋಡ್ತೀನಿ."