ತೊಟ್ಟಿಟ್ಟರೆ ಮಾತ್ರ ಕಕ್ಕ ಮಾಡುವ ಮಗು

ಈ ಪ್ರಕರಣಕ್ಕೆ ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕ್ವಾರ್ಟರ್ಸಿನ ಎರಡು ಬೀದಿಯ ಗಿರಾಕಿಗಳು ಹೋದರು. ಇಪ್ಪತ್ತು ವರ್ಷದ ಒಂದು ಸ್ನೇಹ ಹೋಯಿತು. ‘ಆಸ್ಪತ್ರೆಯಿಂದ ಕಮಿಷನ್ ತಿನ್ನುವವಳು’ ಎಂಬ ಹೆಸರು ಬಂತು. ಅದು ಇನ್ನೂ ಹೋಗಿಲ್ಲ. ಇಷ್ಟೆಲ್ಲ ಯಾಕೆಂದರೆ, ಹುಟ್ಟಿ ಎಂಟು ದಿನದ ಗಂಡುಮಗುವಿಗೆ ಮಲಬದ್ಧತೆ ಎಂದು ಔಷಧಿ ಕೇಳಿದಾಗ ನಾನು ಕೊಡಲಿಲ್ಲ. ನಾಳೆ ಅಂಥದೇ ಇನ್ನೊಂದು ಮಗುವಿಗೆ ಕೇಳಿದರೂ ಕೊಡುವುದಿಲ್ಲ. ಉಳಿದ ಎರಡು ಬೀದಿಯೂ ಬೇಕಾದರೆ ಹೋಗಲಿ.

ಕೋವಿಡ್ ಗಲಾಟೆ ತಣ್ಣಗಾಗಿ ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿದ್ದ ವರ್ಷ ಅದು. ಭದ್ರಾವತಿಯಲ್ಲಿ, ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗುವ ರಸ್ತೆಯ ತಿರುವಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇತ್ತು, ಈಗಲೂ ಇದೆ. ಅಪ್ಪ ಕಟ್ಟಿಕೊಟ್ಟ ಅಂಗಡಿಯಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗದ ಕೋಟೆ ರಸ್ತೆಯ ಹೋಲ್‌ಸೇಲ್ ಔಷಧಿ ಅಂಗಡಿಯೊಂದರಲ್ಲಿ ಬಿಲ್ ಬರೆಯಲು ಸೇರಿದವಳು ನಾನು. ಸಂಬಳ ಕೂಡಿಟ್ಟು ಡಿ.ಫಾರ್ಮ ಓದಿದೆ, ಆಮೇಲೆ ಸಾಲ ಮಾಡಿ ಅಂಗಡಿ ಹಾಕಿದೆ. ಕಂಪನಿ ರೆಪ್‌ಗಳ ಹತ್ತಿರ ಚೌಕಾಸಿ ಮಾಡಿ ಮಾಡಿ ನಾಲಿಗೆ ಹರಿತವಾಯಿತು. ‘ಜಯಾ ಮೇಡಂ ಹತ್ರ ಎರಡು ರೇಟ್ ಹೇಳಂಗಿಲ್ಲ’ ಎಂದು ಅವರು ಬೈಯುತ್ತಿದ್ದರು. ನನಗೆ ಅದು ಬಿರುದು.

ನಾಗರತ್ನಕ್ಕ ನನ್ನ ಮೊದಲ ದಿನದ ಗಿರಾಕಿ. ಅವರ ಯಜಮಾನರು ಕಾರ್ಖಾನೆಯಿಂದ ನಿವೃತ್ತರು. ಒಬ್ಬಳೇ ಮಗಳು ಸುಷ್ಮಾಳನ್ನು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ತವರಿನದು ತಾನೆ, ಅವಳು ಇಲ್ಲಿಗೇ ಬಂದಿದ್ದಳು. ಹೆರಿಗೆಯೂ ಸಲೀಸಾಗಿ ಆಗಿತ್ತು.

ಒಂದು ಶನಿವಾರ ಬೆಳಗ್ಗೆ ನಾಗರತ್ನಕ್ಕ ಅಂಗಡಿಗೆ ಬಂದರು.

“ಜಯಾ, ಮಕ್ಕಳಿಗಿಡೋ ಬತ್ತಿ ಇದ್ಯಲ್ಲ, ಅದು ಕೊಡು. ಒಂದು ಗ್ರೈಪ್ ವಾಟರೂ ಇರ್ಲಿ.”

ಬತ್ತಿ ಎಂದರೆ ಗ್ಲಿಸರಿನ್ ಸಪೋಸಿಟರಿ. ಹಿಂದಿನಿಂದ ಇಟ್ಟರೆ ಒಳಗೆ ಕರಗಿ ಮಲ ಜಾರಿಸುವ ಮೇಣದಂಥ ತುಂಡು.

“ಯಾರಿಗೆ ನಾಗರತ್ನಕ್ಕ?”

“ಇನ್ಯಾರಿಗೆ, ಮೊಮ್ಮಗನಿಗೆ. ಮಲಬದ್ಧತೆ ಮಾರಾಯ್ತಿ. ಥೇಟ್ ಅವರಪ್ಪನ ಮನೆ ಬುದ್ಧಿ. ಒಳಗೆ ಹೋಗಿದ್ದನ್ನ ಬಿಟ್ಟುಕೊಡಲ್ಲ!”

ಕೌಂಟರಿನಲ್ಲಿ ನಿಂತಿದ್ದವರು ನಕ್ಕರು. ನಾನೂ ನಕ್ಕೆ. “ಇಷ್ಟು ದಿನ ಏನು ಮಾಡ್ತಿದ್ರಿ?”

“ವೀಳ್ಯದೆಲೆ ತೊಟ್ಟು. ಹರಳೆಣ್ಣೆ ಸವರಿ ಇಟ್ರೆ ಸಾಕು, ಪಿಚಕಾರಿ ಹೊಡ್ದಂಗೆ ಬರೋದು. ಒಂದ್ಸಲ ಗೋಡೆಗೇ ಹಾರಿತ್ತು! ನಿನ್ನೆಯಿಂದ ಅದಕ್ಕೂ ಜಗ್ತಿಲ್ಲ.”

ನಮ್ಮ ಕಡೆ ಇದು ಹೊಸದೇನಲ್ಲ. ಮಗು ಕಕ್ಕ ಮಾಡದಿದ್ದರೆ ವೀಳ್ಯದೆಲೆಯ ತೊಟ್ಟಿನ ತುದಿಗೆ ಎಣ್ಣೆ ಸವರಿ ಆಸನದ್ವಾರದಲ್ಲಿ ಇಡುತ್ತಾರೆ. ಕೆಲವರು ಸೋಪಿನ ಚೂರು ಇಡುತ್ತಾರೆ. ‘ನಮಗೆಲ್ಲ ಅದನ್ನೇ ಮಾಡಿದ್ದು, ನಾವೇನು ಸತ್ವಾ’ ಎಂಬ ಮಾತನ್ನು ನಾನು ಕೇಳಿದ್ದಕ್ಕೆ ಲೆಕ್ಕವಿಲ್ಲ. ಸತ್ತವರು ಬಂದು ಹೇಳುವುದಿಲ್ಲವಲ್ಲ! ಅದಿರಲಿ. ಆ ದಿನ ನನಗೆ ಕಿರಿಕಿರಿಯಾದದ್ದು ತೊಟ್ಟಿನ ಬಗ್ಗೆ ಅಲ್ಲ, ಪಿಚಕಾರಿಯ ಬಗ್ಗೆ.

“ತೊಟ್ಟಿಡದೆ ತಾನಾಗೇ ಎಷ್ಟು ಸಲ ಆಗಿದೆ?”

ನಾಗರತ್ನಕ್ಕ ಯೋಚಿಸಿದರು. “ತಾನಾಗೇ ಅಂದ್ರೆ... ನಾವು ಇಡ್ತಾನೇ ಇದ್ದೀವಲ್ಲ.”

“ನರ್ಸಿಂಗ್ ಹೋಮಲ್ಲಿ? ಹುಟ್ಟಿದ ತಕ್ಷಣದ ಕಪ್ಪು ಕಕ್ಕ?”

“ಅದೂ ನಾನೇ ಮಾಡ್ಸಿದ್ದು, ಮೂರನೇ ದಿನ ಬೆಳಗ್ಗೆ. ಡಿಸ್ಚಾರ್ಜ್ ಮಾಡೋವಾಗ ಮೋಷನ್ ಆಯ್ತಾ ಅಂತ ನರ್ಸ್ ಕೇಳಿದ್ಲು. ಆಯ್ತು ಅಂದೆ. ಸುಳ್ಳೇನಲ್ವಲ್ಲ?”

ಸುಳ್ಳಲ್ಲ. ನರ್ಸ್ ಕೇಳಿದ್ದೂ ಸರಿ, ಇವರು ಹೇಳಿದ್ದೂ ಸರಿ. ‘ತಾನಾಗೇ ಆಯ್ತಾ’ ಎಂಬ ಒಂದು ಪ್ರಶ್ನೆ ಮಾತ್ರ ಇಬ್ಬರ ನಡುವೆ ಬಿದ್ದುಹೋಗಿತ್ತು.

“ಬತ್ತಿ ಕೊಡಲ್ಲ ನಾಗರತ್ನಕ್ಕ. ಮಗುನ ಡಾಕ್ಟರಿಗೆ ತೋರಿಸಿ.”

“ಅಯ್ಯೋ, ಕಕ್ಕ ಮಾಡೋಕೂ ಡಾಕ್ಟರಾ? ನೀನು ಕೊಡ್ದಿದ್ರೆ ಬಸ್ ಸ್ಟ್ಯಾಂಡ್ ಹತ್ರ ಸಿಗುತ್ತೆ ಬಿಡು” ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ನಾನು ಡಾಕ್ಟರಲ್ಲ, ಆ ಭ್ರಮೆಯೂ ನನಗಿಲ್ಲ. ನಮ್ಮೂರಿನ ಮಕ್ಕಳ ಡಾಕ್ಟರೊಬ್ಬರಿಗೆ ಫೋನ್ ಮಾಡಿ ಕೇಳಿದ್ದನ್ನೆಲ್ಲ ಹೇಳಿದೆ. ಅವರು ಒಂದೇ ಉಸಿರಿನಲ್ಲಿ ವಿವರಿಸಿದರು. ತುಂಬುತಿಂಗಳಿಗೆ ಹುಟ್ಟಿದ ಮಗು ಸಾಮಾನ್ಯವಾಗಿ ಮೊದಲ ದಿನವೇ ಕಪ್ಪು ಮಲ ಮಾಡುತ್ತದೆ, ಎರಡು ದಿನ ದಾಟಿದರೆ ಅನುಮಾನ ಪಡಬೇಕು. ಕೆಲವು ಮಕ್ಕಳಿಗೆ ಕರುಳಿನ ಕೊನೆಯ ಭಾಗದಲ್ಲಿ ಮಲವನ್ನು ಮುಂದೆ ತಳ್ಳಿಸುವ ನರಕೋಶಗಳೇ ಹುಟ್ಟಿನಿಂದ ಇರುವುದಿಲ್ಲ. ಅದಕ್ಕೆ ಹರ್ಷ್‌ಸ್ಪ್ರಂಗ್ ಕಾಯಿಲೆ ಎನ್ನುತ್ತಾರೆ. ಅಂಥ ಮಗುವಿಗೆ ಹೊರಗಿನಿಂದ ಏನಾದರೂ ಇಟ್ಟಾಗ ಕಟ್ಟಿಕೊಂಡದ್ದೆಲ್ಲ ರಭಸದಿಂದ ನುಗ್ಗಬಹುದು. ಅಂದರೆ ನಾಗರತ್ನಕ್ಕ ತೊಟ್ಟಿನ ಗುಣ ಎಂದುಕೊಂಡದ್ದೇ ಕಾಯಿಲೆಯ ಗುರುತು ಇರಬಹುದಿತ್ತು.

“ಅದೇ ಅಂತ ನಾನು ನೋಡದೆ ಹೇಳಲ್ಲ” ಎಂದರು ಡಾಕ್ಟರು. “ಆದ್ರೆ ಹೊಟ್ಟೆ ಉಬ್ಬಿದ್ರೆ, ವಾಂತಿ ಹಸಿರಾಗಿದ್ರೆ, ನನ್ನ ಹತ್ರಾನೂ ಬರಬೇಡಿ. ನೇರ ಶಿವಮೊಗ್ಗ. ಮಕ್ಕಳ ಸರ್ಜನ್ ಇರೋ ಕಡೆ. ಈಗಲೇ.”

ಅಂಗಡಿಯನ್ನು ಕೆಲಸದ ಹುಡುಗಿಗೆ ಬಿಟ್ಟು ಕ್ವಾರ್ಟರ್ಸಿಗೆ ಹೋದೆ.

ಸುಷ್ಮಾ ಹಾಸಿಗೆಯ ಮೇಲೆ ಕೂತಿದ್ದಳು, ತಲೆಗೆ ಸ್ಕಾರ್ಫ್. ಮಗು ತೊಡೆಯ ಮೇಲಿತ್ತು. ಅಂಗಿ ಎತ್ತಿ ನೋಡಿದೆ. ಹೊಟ್ಟೆ ಬಿಗಿದ ತಮಟೆಯ ಹಾಗೆ ಮಿನುಗುತ್ತಿತ್ತು. ಕೈಕಾಲು ಮಾತ್ರ ಕಡ್ಡಿ.

“ಹಾಲು ಕುಡೀತಿದ್ಯೇನಮ್ಮ?”

“ಬೆಳಗ್ಗೆಯಿಂದ ಕಚ್ತಾನೇ ಇಲ್ಲ ಆಂಟಿ. ಆಮೇಲೆ...” ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ವಾಂತಿ ಹಸಿರಿತ್ತು. ಅಮ್ಮ ಮದ್ದಿನ ಬಣ್ಣ ಅಂದ್ರು.”

ನಾಗರತ್ನಕ್ಕ ಬಾಗಿಲಿಗೆ ಬಂದಿದ್ದರು. “ಹೌದು ಮತ್ತೆ, ನಿನ್ನೆ ಬಜೆ ತೇದು ನೆಕ್ಕಿಸಿದ್ದೆ.”

“ಬಜೆ ತೇದ್ರೆ ಯಾವ ಬಣ್ಣ ಬರುತ್ತೆ ನಾಗರತ್ನಕ್ಕ? ಹಸಿರಾ?”

ಅಲ್ಲವೆಂದು ಅವರಿಗೂ ಗೊತ್ತಿತ್ತು. ಡಾಕ್ಟರು ಹೇಳಿದ್ದನ್ನು ಹೇಳಿ, “ಹೊರಡಿ ಶಿವಮೊಗ್ಗಕ್ಕೆ” ಎಂದೆ. ಅಲ್ಲಿಂದ ಶುರುವಾಯಿತು ನೋಡಿ, ನನ್ನ ಜೀವಮಾನದ ಅತಿ ಕಷ್ಟದ ಚೌಕಾಸಿ.

“ಬುಧವಾರ ನಾಮಕರಣ. ಬೀಗರು ಬರ್ತಾರೆ. ಅದೊಂದು ಮುಗೀಲಿ, ಗುರುವಾರ ನಾನೇ ಕರ್ಕೊಂಡು ಹೋಗ್ತೀನಿ.”

“ಈಗ.”

“ಸರಿ, ಸೋಮವಾರ. ನಾಳೆ ಭಾನುವಾರ, ಯಾವ ಡಾಕ್ಟರೂ ಇರಲ್ಲ.”

“ಈಗ.”

“ಏನೇ ನಿಂದು ಹಟ! ಸಂಜೆ ಇವರು ಬರ್ಲಿ, ಒಂದು ಮಾತು ಕೇಳಿ...”

“ಈಗ.”

ಎದುರಿನವರು ತಾವಾಗೇ ಇಳಿಯುತ್ತಿರುವಾಗ ನಾವು ಬಾಯಿ ಬಿಡಬಾರದು, ಅದು ವ್ಯಾಪಾರದ ಮೊದಲ ಪಾಠ. ಗುರುವಾರದಿಂದ ಸಂಜೆಗೆ ಇಳಿದಿದ್ದರು. ಆದರೆ ಅಲ್ಲಿಗೆ ನಿಂತುಬಿಟ್ಟರು. ಕಣ್ಣಲ್ಲಿ ನೀರು. ಆಗ ನನಗೆ ಹೊಳೆಯಿತು: ಈ ಹೆಂಗಸು ದಿನಕ್ಕಾಗಿ ಚೌಕಾಸಿ ಮಾಡುತ್ತಿಲ್ಲ.

“ನಿಜ ಹೇಳಿ ನಾಗರತ್ನಕ್ಕ, ಏನು ಹೆದರಿಕೆ?”

“ಶಿವಮೊಗ್ಗದ ಆಸ್ಪತ್ರೆ ಅಂದ್ರೆ ಹೊಸಮನೆಗೆ ಗಂಟೆಯೊಳಗೆ ಗೊತ್ತಾಗುತ್ತೆ. ತುಂಬಿದ ಬಸುರೀನ ನಂಬಿ ಕಳಿಸಿದ್ರು, ಇವರು ಮಗೂನ ಹಿಂಗೆ ಮಾಡಿಟ್ರು ಅಂತಾರೆ. ನನ್ನ ಬಾಣಂತನ ಸರಿಯಿಲ್ಲ ಅಂತಾರೆ. ಇವಳ ಹಾಲು ಸರಿಯಿಲ್ಲ ಅಂತಾರೆ. ಬದುಕಿಡೀ ಅನ್ನಿಸ್ಕೋಬೇಕಾದವಳು ಇವಳು, ನೀನಲ್ಲ.”

ಅದು ಸುಳ್ಳು ಭಯವಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಕಾಯಿಲೆಗಿಂತ ಹೆಚ್ಚಾಗಿ ಬೀಗರ ಬಾಯಿಗೆ ಹೆದರಿ ಆಸ್ಪತ್ರೆ ಕಾಣುವುದಿಲ್ಲ. ಅವರಿಗೆ ಬೇಕಾಗಿದ್ದುದು ವೇಳೆಯಲ್ಲ, ಅಪವಾದ ಹೊರಲು ಇನ್ನೊಂದು ಹೆಗಲು. ಆ ಸರಕು ನನ್ನ ಹತ್ತಿರ ಇತ್ತು.

“ಅಪವಾದ ನನಗಿರ್ಲಿ” ಎಂದೆ. “ಮೆಡಿಕಲ್ ಶಾಪಿನವಳು ಬಂದು ಹೆದರಿಸಿದ್ಲು, ಬೇಡ ಬೇಡ ಅಂದ್ರೂ ಎಳ್ಕೊಂಡು ಹೋದ್ಲು ಅನ್ನಿ. ಯಾರ ಮುಂದೆ ಬೇಕಾದ್ರೂ ಅನ್ನಿ. ನಾನು ಇಲ್ಲ ಅನ್ನಲ್ಲ.”

“ಆಣೆ?”

“ಆಣೆ.”

ಸುಷ್ಮಾ ಆಗಲೇ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದ್ದಿದ್ದಳು.

ಪಕ್ಕದ ಮನೆಯವರ ಓಮ್ನಿಯಲ್ಲಿ ಹೊರಟೆವು. ದಾರಿಯಲ್ಲಿ ಮಗು ಅಳಲೂ ಇಲ್ಲ. ಅದೇ ನನಗೆ ಹೆದರಿಕೆ. ವಿದ್ಯಾನಗರ ದಾಟಿ ತುಂಗೆಯ ಸೇತುವೆ ಹತ್ತಿದಾಗ ಸುಷ್ಮಾ ಗಂಡನಿಗೆ ಫೋನ್ ಮಾಡಿದಳು. ನಾಗರತ್ನಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು.

ಆಸ್ಪತ್ರೆಯಲ್ಲಿ ಮಗುವಿಗೆ ಡ್ರಿಪ್ ಹಾಕಿ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಎಕ್ಸ್‌ರೇ ತೆಗೆದರು. ಸರ್ಜನ್ ಬೆರಳಿನಿಂದ ಪರೀಕ್ಷಿಸಿ ಕೈ ತೆಗೆಯುತ್ತಿದ್ದಂತೆ ಗಾಳಿ, ಮಲ ಎರಡೂ ಸಿಡಿದವು. ಅಷ್ಟರಲ್ಲಿ ಹೊಸಮನೆಯಿಂದ ಸುಷ್ಮಾಳ ಗಂಡ, ಅತ್ತೆ ಶಕುಂತಲಮ್ಮ ಬಂದಿಳಿದರು.

“ನಮಗೊಂದು ಮಾತು ಹೇಳ್ದೆ ಇಲ್ಲಿಗೆ ತಂದಿದ್ದು ಯಾರು?” ಇದು ಶಕುಂತಲಮ್ಮನ ಮೊದಲ ಮಾತು.

“ಇವರೇ” ಎಂದು ನಾಗರತ್ನಕ್ಕ ನನ್ನ ಕಡೆ ಕೈ ತೋರಿಸಿದರು. “ನಾನು ಬೇಡ ಅಂತಾನೇ ಅಂದೆ.”

ಸರಕು ಕೈಗೆ ಬಂದ ದಿನವೇ ಬಳಸಲು ಶುರು ಮಾಡಿದ್ದರು! ನಾನು ಹೌದೆಂದು ತಲೆಯಾಡಿಸಿದೆ.

ಶಕುಂತಲಮ್ಮ ಸರ್ಜನ್ನರ ಕಡೆ ತಿರುಗಿದರು. “ಹಾಲಿನ ದೋಷನಾ ಡಾಕ್ಟ್ರೇ?”

“ಹಾಲೂ ಅಲ್ಲ, ಬಾಣಂತನಾನೂ ಅಲ್ಲಮ್ಮ. ನಮಗಿರೋ ಅನುಮಾನ ನಿಜವಾದ್ರೆ ಇದು ಹುಟ್ಟೋಕೆ ಮುಂಚೆನೇ ಆಗಿರೋದು. ಯಾರ ತಪ್ಪೂ ಇಲ್ಲ. ತಾಯಿ ಹಾಲೇ ಈ ಮಗುಗೆ ಒಳ್ಳೇದು, ಹೊಟ್ಟೆ ಇಳೀಲಿ, ಕೊಡೋಣ.”

ನಾಗರತ್ನಕ್ಕ ಮುಂದೆ ಬಂದರು. “ಇನ್ನೊಂದ್ಸಲ ಜೋರಾಗಿ ಹೇಳಿ ಡಾಕ್ಟ್ರೇ. ನಮ್ಮ ಬೀಗಿತ್ತಿಗೆ ಕಿವಿ ಸ್ವಲ್ಪ ಮಂದ.”

“ನನ್ನ ಕಿವಿ ಚೆನ್ನಾಗೇ ಇದೆ!” ಎಂದರು ಶಕುಂತಲಮ್ಮ. ಆದರೆ ಹೋಗಿ ಸೊಸೆಯ ಪಕ್ಕ ಕೂತರು, ಅವಳ ಬೆನ್ನಿನ ಮೇಲೆ ಕೈ ಇಟ್ಟರು. ಆಣೆ ಇಟ್ಟದ್ದು ದಂಡವಾಗಲಿಲ್ಲ ಅನ್ನಿಸಿತು.

ಆಮೇಲಿನದು ಚಿಕ್ಕದು. ಉಪ್ಪುನೀರಿನಿಂದ ಕರುಳು ತೊಳೆದು ಹೊಟ್ಟೆ ಇಳಿಸಿದರು. ಬಯಾಪ್ಸಿ, ಅಂದರೆ ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆ, ಕಾಯಿಲೆಯನ್ನು ಖಚಿತ ಮಾಡಿತು. ಮಗು ಸ್ವಲ್ಪ ತೂಕ ಹಿಡಿದ ಮೇಲೆ ನರವಿಲ್ಲದ ಭಾಗ ತೆಗೆದು ಆಪರೇಷನ್ ಮಾಡಿದರು. ನಾಮಕರಣ ತಿಂಗಳುಗಟ್ಟಲೆ ಮುಂದೆ ಹೋಯಿತು. ಹುಡುಗ ಈಗ ಅಂಗನವಾಡಿಗೆ ಹೋಗುತ್ತಾನೆ. ಊಟದಲ್ಲಿ ಹೆಚ್ಚುಕಮ್ಮಿಯಾದರೆ ಈಗಲೂ ಒಮ್ಮೊಮ್ಮೆ ಹೊಟ್ಟೆ ಕೆಡುತ್ತದೆ, ತೋರಿಸುತ್ತಿರಬೇಕು. ಇದನ್ನೆಲ್ಲ ಸುಷ್ಮಾ ಹೇಳುತ್ತಾಳೆ, ಫೋನಿನಲ್ಲಿ.

ನಾಗರತ್ನಕ್ಕ ಮಾತ್ರ ನನ್ನ ಮೆಟ್ಟಿಲು ಹತ್ತಿಲ್ಲ. ನಾಮಕರಣ ಯಾಕೆ ನಿಂತಿತು ಎಂದು ಕೇಳಿದವರಿಗೆಲ್ಲ, ಜಯಾ ಹೆದರಿಸಿ ಕರೆದೊಯ್ದಳು, ಕೂಸಿಗೆ ಕತ್ತಿ ಹಾಕಿಸಿದಳು ಎಂದರು. ಕಮಿಷನ್ನಿನ ಮಾತನ್ನು ಬಡ್ಡಿಯಾಗಿ ಸೇರಿಸಿಕೊಂಡರು. ಚೌಕಾಸಿ ಹೆಂಗಸು, ಪುಕ್ಕಟೆ ಯಾಕೆ ಓಡಾಡ್ತಾಳೆ ಎಂದು ಬೀದಿಯೂ ನಂಬಿತು. ಪಕ್ಕದ ಅಂಗಡಿಯವರೊಬ್ಬರು, “ಒಂದು ಗ್ರೈಪ್ ವಾಟರ್ ಕೊಟ್ಟು ಕಳಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದು ಬುದ್ಧಿ ಹೇಳಿದರು. ನನ್ನ ಗಂಟಲ್ಲ ಸ್ವಾಮಿ, ಸುಷ್ಮಾಳ ಗಂಟು ಹೋಗುತ್ತಿತ್ತು. ಇನ್ನು ನಾಗರತ್ನಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಮಾರಿದ ಸರಕನ್ನು ಹೇಗೆ ಬಳಸುತ್ತೀರಿ ಎಂದು ಕೇಳುವ ಹಕ್ಕು ಅಂಗಡಿಯವರಿಗಿಲ್ಲ.

ಈಗ ನಿಮಗೆ ನಾಲ್ಕು ಮಾತು, ಪುಕ್ಕಟೆ. ತಿಣುಕುವ ಮಕ್ಕಳಿಗೆಲ್ಲ ಮಲಬದ್ಧತೆ ಇರುವುದಿಲ್ಲ. ಮುಖ ಕೆಂಪಗೆ ಮಾಡಿ ತಿಣುಕಿ ಮೆತ್ತಗೆ ಕಕ್ಕ ಮಾಡಿದರೆ ಅದು ಅಭ್ಯಾಸ ಮಾಡಿಕೊಳ್ಳುತ್ತಿದೆ, ಅಷ್ಟೆ. ಮೊದಲ ವಾರಗಳಲ್ಲಿ ಮಲ, ಮೂತ್ರ ಕಡಿಮೆಯಾದರೆ ಹಾಲು ಸಾಲುತ್ತಿದೆಯೇ ಎಂದು ಡಾಕ್ಟರಿಗೆ ತೋರಿಸಿ ತಿಳಿದುಕೊಳ್ಳಿ. ಒಂದೂವರೆ ತಿಂಗಳು ದಾಟಿದ, ಎದೆಹಾಲು ಮಾತ್ರ ಕುಡಿಯುವ ಮಗು ಕೆಲವು ದಿನ ಕಕ್ಕ ಮಾಡದೆಯೂ ಚೆನ್ನಾಗಿರಬಹುದು. ತೂಕ ಏರುತ್ತಿರಬೇಕು, ಹೊಟ್ಟೆ ಮೆತ್ತಗಿರಬೇಕು. ಕಾಲು ಹಿಡಿದು ಸೈಕಲ್ ತುಳಿಸಿ, ಹೊಟ್ಟೆಯನ್ನು ಹಗುರಾಗಿ ನೀವಿ. ಆದರೆ ತೊಟ್ಟು, ಸೋಪು ಬೇಡ. ಹರಳೆಣ್ಣೆ, ಜೇನು, ಸಕ್ಕರೆ ನೀರು, ತೇದ ಮದ್ದು ಬೇಡ. ಬತ್ತಿಯನ್ನು ಡಾಕ್ಟರ್ ಹೇಳದೆ ಕೇಳಬೇಡಿ. ಕೊಡುವ ಅಂಗಡಿ ಸಿಕ್ಕರೆ ಅದು ನಿಮ್ಮ ಅದೃಷ್ಟವಲ್ಲ. ನರ್ಸಿಂಗ್ ಹೋಮಿನಲ್ಲಿ ಮೋಷನ್ ಆಯ್ತಾ ಎಂದರೆ, ಯಾವ ದಿನ ಆಯಿತು, ತಾನಾಗೇ ಆಯಿತೋ ನೀವು ಮಾಡಿಸಿದಿರೋ, ಪೂರ್ತಿ ಹೇಳಿ.

ಹಸಿರು ವಾಂತಿ, ಬಿಗಿದ ಹೊಟ್ಟೆ, ಹಾಲು ಬಿಟ್ಟ ಮಗು, ಜ್ವರ, ಮಲದಲ್ಲಿ ರಕ್ತ, ಇದರಲ್ಲಿ ಒಂದು ಕಂಡರೂ ನಾಮಕರಣದ ದಿನ ಎಣಿಸಬೇಡಿ, ಸಂಜೆ ಯಜಮಾನರು ಬರಲಿ ಎಂದು ಕಾಯಬೇಡಿ. ಮಗುವನ್ನು ಎತ್ತಿಕೊಂಡು ಹೊರಡಿ. ಬೀಗರಿಗೆ ಹೇಳಲೇಬೇಕೆನ್ನಿಸಿದರೆ ಹೇಳಿ, ತಪ್ಪಿಲ್ಲ. ಆದರೆ ಆ ಫೋನನ್ನು ಮನೆಯಿಂದ ಮಾಡಬೇಡಿ, ಆಟೋ ಹೊರಟ ಮೇಲೆ ಮಾಡಿ.